ಹದಿನಾರು ಜನಕ್ಕೊಂದು ಗ್ರನೋಲಾ

ನಾನು ಪ್ರೌಢಶಾಲೆಯ ವಿಜ್ಞಾನ ಮಾಸ್ತರು. ಇಪ್ಪತ್ತೆರಡು ವರ್ಷಗಳಿಂದ ಶಿರಸಿಯ ಮಕ್ಕಳಿಗೆ ಮಿಶ್ರಣ ಎಂದರೇನು, ಸಂಯುಕ್ತ ಎಂದರೇನು ಎಂದು ಕಲಿಸುತ್ತ ಬಂದವನು. ಹೀಗಿರುವಾಗ ಒಂದಿಷ್ಟು ಓಟ್ಸ್, ನಾಲ್ಕು ಬೀಜ, ಸ್ವಲ್ಪ ಸಿಹಿ ಬೆರೆಸಿ ಬಿಸಿ ಮಾಡುವ ಒಂದು ತಿಂಡಿ ನನ್ನಿಂದ ಆಗದೇ ಹೋದೀತೇ? ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿದ್ದೆ. ಉತ್ತರ ಬರುವ ತನಕ ಕಾಯಲಿಲ್ಲ, ಅಷ್ಟೇ.

ನಮ್ಮ ಹೆಡ್ ಅಕ್ಕೋರು ಕಮಲಾ ಮೇಡಂ ನಿವೃತ್ತರಾಗುವವರಿದ್ದರು. ಹಾನಗಲ್ ಕಡೆಯವರು. ಆರು ವರ್ಷ ನಮ್ಮ ಶಾಲೆಯನ್ನು ಮನೆಯಂತೆ ನೋಡಿಕೊಂಡವರು. ಒಮ್ಮೆ ನಾನು ಪ್ರಯೋಗ ತೋರಿಸುವ ಉತ್ಸಾಹದಲ್ಲಿ ಲ್ಯಾಬಿನ ಪರದೆಗೆ ಬೆಂಕಿ ಹತ್ತಿಸಿದ್ದೆ. ಮರುದಿನ ತಪಾಸಣೆಗೆ ಬಂದ ಸಾಹೇಬರು, "ಪರದೆ ಎಲ್ಲಿ?" ಎಂದು ಕೇಳಿದಾಗ ಅಕ್ಕೋರು ಕಣ್ಣು ಮಿಟುಕಿಸದೆ, "ಭಾಳ ಹಳೇದಾಗಿತ್ರಿ, ತೆಗಿಸಿಬಿಟ್ವಿ" ಎಂದಿದ್ದರು. ಅಂಥವರ ಬೀಳ್ಕೊಡುಗೆಗೆ ನನ್ನದೂ ಏನಾದರೂ ಇರಲೇಬೇಕು ಎಂದು ನಾನು ಬಹಳ ದಿನದಿಂದ ಯೋಚಿಸುತ್ತಿದ್ದೆ.

ಭಾನುವಾರ ಎಲ್ಲ ಶಿಕ್ಷಕರೂ ಸೇರಿ ಮಾಗೋಡು ಜಲಪಾತಕ್ಕೆ ಹೋಗುವುದು, ಅಲ್ಲೇ ತಿಂಡಿ, ಅಲ್ಲೇ ಸನ್ಮಾನ ಎಂದು ತೀರ್ಮಾನವಾಯಿತು. ತಿಂಡಿ ಏನೆಂಬುದು ಮಾತ್ರ ತೀರ್ಮಾನವಾಗಲಿಲ್ಲ. ಇಡ್ಲಿ ಅಂದರೆ ಆರಿಹೋಗುತ್ತದೆ ಎಂದರು. ಅವಲಕ್ಕಿ ಅಂದರೆ ಪ್ರತಿ ಸಲವೂ ಅದೇ ಆಯಿತು ಎಂದರು. ಉಪ್ಪಿಟ್ಟಿನ ಹೆಸರು ಬಂದ ಕೂಡಲೇ ಗಣಿತದ ಸುಲಭಾ ಅಕ್ಕೋರು ನಿಟ್ಟುಸಿರು ಬಿಟ್ಟರು. ಆಗ ನಾನು ಎದ್ದು ನಿಂತೆ.

"ತಿಂಡಿಯ ಹೊಣೆ ನನಗೆ ಬಿಡಿ. ಗ್ರನೋಲಾ ಮಾಡುತ್ತೇನೆ!"

"ಗ್ರಾನೈಟಾ?" ಎಂದರು ಡ್ರಿಲ್ ಮಾಸ್ತರು ನಾಗರಾಜ.

"ಗ್ರನೋಲಾ! ಓಟ್ಸು, ಗೋಡಂಬಿ, ಕೊಬ್ಬರಿ, ಒಣಹಣ್ಣು. ಹಾಲು ಹಾಕಿಕೊಂಡು ತಿನ್ನುವುದು. ಆರೋಗ್ಯಕ್ಕೂ ಒಳ್ಳೆಯದು, ಹೊರುವುದೂ ಸುಲಭ."

ನನಗೆ ಗ್ರನೋಲಾದ ಪರಿಚಯವಾಗಿ ಆಗ ಸರಿಯಾಗಿ ನಾಲ್ಕು ದಿನವಾಗಿತ್ತು, ಅದೂ ಮೊಬೈಲಿನಲ್ಲಿ. ಐದೇ ಸಾಮಾನು, ಇಪ್ಪತ್ತೇ ನಿಮಿಷ ಎಂದು ಒಬ್ಬ ಹೆಣ್ಣುಮಗಳು ನಗುನಗುತ್ತ ಮಾಡಿ ತೋರಿಸಿದ್ದಳು. ಆಕೆ ನಕ್ಕಿದ್ದು ಯಾಕೆಂದು ಈಗ ಗೊತ್ತಾಗುತ್ತಿದೆ.

ಕಮಲಾ ಮೇಡಂ ಮೆಲ್ಲಗೆ ಹೇಳಿದರು: "ಹೆಗಡೇರ, ಹೊಸಾದು ಮಾಡ್ತೀನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಜೋಡಿಗೆ ಒಂದ್ ಡಬ್ಬಿ ಚಪಾತಿ ಇರ್ಲಿ ತಗೋರಿ."

"ಮೇಡಂ, ವಿಜ್ಞಾನದ ಮೇಲೆ ಸ್ವಲ್ಪ ನಂಬಿಕೆ ಇಡಿ" ಎಂದೆ. ಯಾರೂ ಮನೆಯಿಂದ ಒಂದು ಬಿಸ್ಕತ್ತನ್ನೂ ತರಕೂಡದು ಎಂದು ಎಲ್ಲರಿಂದ ಮಾತು ತೆಗೆದುಕೊಂಡೆ. ಹದಿನಾರು ಹೊಟ್ಟೆಗಳು ನನ್ನೊಬ್ಬನ ಹೆಗಲಿಗೆ ಬಂದವು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದವನೇ ಅಡುಗೆಮನೆಗೆ ನುಗ್ಗಿದೆ. ಮೊಬೈಲಿನಾಕೆ ಜೇನುತುಪ್ಪ ಹಾಕಿದ್ದಳು. ನಾನು ಜೋನಿ ಬೆಲ್ಲವನ್ನೇ ಹಾಕುವುದು ಎಂದು ನಿರ್ಧರಿಸಿದೆ. ನಮ್ಮೂರಿನ ನೀರು ಬೆಲ್ಲ ಬಾಟಲಿಯಲ್ಲಿ ತುಂಬಿ ಕೂತಿರುವಾಗ ಬೇರೆಯದು ಯಾಕೆ? ಅವಳು ಒಣದ್ರಾಕ್ಷಿ ಹಾಕಿದ್ದಳು. ನಾನು ಯಲ್ಲಾಪುರದ ಸುಕೇಳಿ ಹಾಕಿದೆ. ಬಾಳೆಹಣ್ಣನ್ನು ಒಣಗಿಸಿ ಮಾಡುವ ಅದರ ಮುಂದೆ ದ್ರಾಕ್ಷಿ ಎಲ್ಲಿ! ಉಳಿದದ್ದನ್ನೆಲ್ಲ ಬೇಯಿಸಿದ ಮೇಲೆ ಒಣಹಣ್ಣನ್ನು ಕೊನೆಗೆ ಹಾಕಬೇಕು ಎಂದು ಆಕೆ ಎರಡು ಸಲ ಹೇಳಿದ್ದಳಂತೆ. ಆ ಹೊತ್ತಿಗೆ ನಾನು ವೀಡಿಯೊ ಮುಂದಕ್ಕೆ ಓಡಿಸಿದ್ದೆ.

ನನ್ನ ಹೆಂಡತಿ ಶೈಲಾ ಬಾಗಿಲಲ್ಲಿ ನಿಂತು ಬೋಗುಣಿಯೊಳಗೆ ಇಣುಕಿದಳು.

"ಇದೆಂತದು, ದನಕ್ಕೆ ಹಿಂಡಿ ಕಲಸಿದಾಂಗೆ ಇದ್ದು?"

"ಗ್ರನೋಲಾ."

"ನಿಂಗ ಸುಮ್ನೆ ಅವಲಕ್ಕಿ ಹೊತ್ಗಂಡು ಹೋಗಿ. ಹದಿನಾರು ಜನ ಹೇಳಿರೆ ಆಟ ಅಲ್ಲ."

ನಾನು ಬಾಟಲಿಯ ಮುಚ್ಚಳ ತೆಗೆದೆ. ಬೆಲ್ಲವನ್ನು ಅಳತೆಯ ಪ್ರಕಾರವೇ ಹಾಕಿ ಕಲಸಿದೆ. ಓಟ್ಸ್ ಇನ್ನೂ ಉದುರು ಉದುರಾಗಿಯೇ ಇತ್ತು. ಇನ್ನೊಂದು ಲೋಟ ಹೊಯ್ದೆ.

"ಸಾಕು! ಮತ್ತೆ ಹೊಯ್ಯಡಿ!" ಎಂದು ಶೈಲಾ ತಡೆದಳು.

"ಒಣಗಿದ್ದು ಕಾಣ್ತಿಲ್ಯ?"

"ಅದು ಹಂಗೇ ಇರವು. ಆನು ಆ ವೀಡಿಯೊ ಪೂರಾ ನೋಡಿದ್ದಿ."

ಇಪ್ಪತ್ತೆರಡು ವರ್ಷ ಪಾಠ ಹೇಳಿದವನು ಹೆಂಡತಿಯಿಂದ ಪಾಠ ಹೇಳಿಸಿಕೊಳ್ಳುವುದೇ? ಬಾಟಲಿಯನ್ನು ತಲೆಕೆಳಗು ಮಾಡಿ ಹಿಡಿದೆ. ಕೊನೆಯ ಹನಿ ಬೀಳುವವರೆಗೂ ಹಿಡಿದೆ!

ನಮ್ಮಲ್ಲಿ ಓವನ್ ಇಲ್ಲ. ಆದರೆ ನಮ್ಮ ಬೀದಿಯ ಕೊನೆಯಲ್ಲಿ ಇಸ್ಮಾಯಿಲ್ ಭಾಯ್ ಅವರ ಬೇಕರಿ ಇದೆ. ಮಾಗೋಡಿಗೆ ಗೊತ್ತುಮಾಡಿದ್ದ ಟೆಂಪೋ ಕೂಡ ಅವರದೇ. ಬ್ರೆಡ್ಡು ತೆಗೆದು ಭಟ್ಟಿ ಖಾಲಿಯಾದ ಹೊತ್ತು ನೋಡಿ ಬೋಗುಣಿ ಹೊತ್ತುಕೊಂಡು ಹೋದೆ. ಭಾಯ್ ಎರಡು ದೊಡ್ಡ ಟ್ರೇ ಕೊಟ್ಟರು. ಆಮೇಲೆ ಒಂದು ಬೆರಳಿನಿಂದ ನನ್ನ ಮಿಶ್ರಣವನ್ನು ಮುಟ್ಟಿ ನೋಡಿದರು. ಬೆರಳು ವಾಪಸು ಬರಲು ಸ್ವಲ್ಪ ತಡವಾಯಿತು.

"ಮಾಸ್ತರೇ, ಬೆಲ್ಲ ಜಾಸ್ತಿ ಆಯ್ತು. ಇದು ಚಿಕ್ಕಿ ಆಗ್ತದೆ ನೋಡಿ."

"ಭಾಯ್, ನೀವು ಬ್ರೆಡ್ಡು ನೋಡಿಕೊಳ್ಳಿ. ಇದು ಬೇರೆ ಶಾಸ್ತ್ರ."

ಇಪ್ಪತ್ತು ನಿಮಿಷಕ್ಕೆ ಟ್ರೇ ಹೊರಗೆ ಬಂತು. ಘಮ ಘಮ! ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಮೂಗೆತ್ತಿದರು. ನಾನು ಚಮಚದಿಂದ ಒತ್ತಿ ನೋಡಿದೆ. ಮೆತ್ತಗೆ ಇತ್ತು. ಗ್ರನೋಲಾ ಗರಿಗರಿಯಾಗಿರಬೇಕಲ್ಲ?

"ಇನ್ನೂ ಹತ್ತು ನಿಮಿಷ ಇಡಿ."

"ಆರಿದ ಮೇಲೆ ಗಟ್ಟಿ ಆಗ್ತದೆ ಮಾಸ್ತರೇ. ಬಿಸ್ಕತ್ತೂ ಹಾಗೇ."

"ಇಡಿ ಅಂದೆನಲ್ಲ!"

ಹತ್ತು ನಿಮಿಷದ ನಂತರವೂ ಮೆತ್ತಗೆ ಇತ್ತು. ಮತ್ತೆ ಹತ್ತು ನಿಮಿಷ. ಆಮೇಲೂ ಅದೇ. ಮೂರನೇ ಹತ್ತು ನಿಮಿಷಕ್ಕೆ ಇಸ್ಮಾಯಿಲ್ ಭಾಯ್ ಹೋಗಿ ಬ್ರೆಡ್ಡು ನೋಡಿಕೊಳ್ಳತೊಡಗಿದರು. ಬಿಸಿ ಇರುವಾಗ ಪಾಕ ಮೆತ್ತಗಿರುತ್ತದೆ, ತಣಿದರೆ ಗಟ್ಟಿಯಾಗುತ್ತದೆ ಎಂಬುದು ಎಂಟನೇ ತರಗತಿಯ ಪಾಠ. ಅದನ್ನು ಎಂಟನೇ ತರಗತಿಗೆ ನಾನೇ ಕಲಿಸುತ್ತೇನೆ! ಕೊನೆಗೆ ಟ್ರೇಗಳನ್ನು ಅಲ್ಲೇ ಆರಲು ಬಿಟ್ಟು, ಬೆಳಿಗ್ಗೆ ಟೆಂಪೋದಲ್ಲೇ ತನ್ನಿ ಎಂದು ಹೇಳಿ, ವಿಜಯದ ನಗೆ ಬೀರುತ್ತ ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಟೆಂಪೋ ಶಾಲೆಯ ಮುಂದೆ ಬಂದು ನಿಂತಿತು. ಹಿಂದಿನ ಸೀಟಿನ ಮೇಲೆ ಎರಡು ಟ್ರೇಗಳು ಬಿಳಿ ಬಟ್ಟೆ ಹೊದ್ದುಕೊಂಡು ಮಲಗಿದ್ದವು.

"ಡಬ್ಬಿಗೆ ಹಾಕಲಿಲ್ಲವಾ ಭಾಯ್?"

"ಡಬ್ಬಿಗೆ ಹಾಕಬೇಕು ಅಂದ್ರೆ ಅದು ಟ್ರೇ ಬಿಟ್ಟು ಏಳಬೇಕಲ್ಲ ಮಾಸ್ತರೇ" ಎಂದರು ಇಸ್ಮಾಯಿಲ್ ಭಾಯ್, ಬಹಳ ಮೆಲುದನಿಯಲ್ಲಿ.

ನಾನು ಬಟ್ಟೆ ಸರಿಸಿ ಉಗುರಿನಿಂದ ತಟ್ಟಿದೆ. ಟಣ್ ಎಂದಿತು. ಟ್ರೇಯ ಸದ್ದಿರಬೇಕು ಎಂದು ಸಮಾಧಾನ ಮಾಡಿಕೊಂಡು ಬಟ್ಟೆ ಮುಚ್ಚಿದೆ.

ಉಮ್ಮಚಗಿಯಲ್ಲಿ ಚಹಾಕ್ಕೆ ಇಳಿದಾಗ ಹೋಟೆಲಿನವರು ಬಾಣಲೆಯಿಂದ ವಡೆ ತೆಗೆಯುತ್ತಿದ್ದರು. ಆರೂವರೆಗೇ ಮನೆ ಬಿಟ್ಟಿದ್ದ ಹದಿನೈದು ಮಂದಿ ಆ ಬಾಣಲೆಯ ಸುತ್ತ ನಿಂತರು. ನಾಗರಾಜ ಮಾಸ್ತರು ಕೈ ಚಾಚಿಯೇ ಬಿಟ್ಟಿದ್ದರು.

"ವಡೆ ಮುಟ್ಟಬೇಡಿ!" ಎಂದು ನಾನು ಅಡ್ಡ ನಿಂತೆ. "ಹಸಿವು ಕೆಟ್ಟುಹೋದರೆ ಗ್ರನೋಲಾ ರುಚಿಸುವುದಿಲ್ಲ. ಬರೀ ಚಹಾ ಕುಡಿಯಿರಿ."

"ಒಂದೇ ಒಂದು ಮಾರಾಯ್ರೆ" ಎಂದು ನಾಗರಾಜ ಮಾಸ್ತರು ಅಂಗಲಾಚಿದರು. ನಾನು ಕರಗಲಿಲ್ಲ. ಆ ವಡೆಗಳು ಈಗಲೂ ಒಮ್ಮೊಮ್ಮೆ ನನ್ನ ಕಣ್ಣ ಮುಂದೆ ಬರುತ್ತವೆ.

ಮಾಗೋಡು ತಲುಪಿದೆವು. ಕೆಳಗೆ ಬೇಡ್ತಿ ಹೊಳೆ ಧುಮುಕುತ್ತಿತ್ತು. ಯಾರೂ ಅತ್ತ ನೋಡಲಿಲ್ಲ. ಎಲ್ಲರ ದೃಷ್ಟಿಯೂ ಟ್ರೇಗಳ ಮೇಲಿತ್ತು. ಜಮಖಾನ ಹಾಸಿ, ಬಟ್ಟಲು ಜೋಡಿಸಿ, ಹಾಲಿನ ಫ್ಲಾಸ್ಕುಗಳನ್ನು ಇಟ್ಟು, ನಾನು ಬಟ್ಟೆ ತೆಗೆದೆ. ಕಪ್ಪಗೆ, ನುಣ್ಣಗೆ, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಮುಖ ನನ್ನದೇ. ಪೆಚ್ಚಾಗಿತ್ತು.

ಚಮಚ ಹಾಕಿದೆ. ಚಮಚ ಬಾಗಿತು. ಚಾಕು ಹಾಕಿದೆ. ಹಿಡಿಕೆ ಕೈಗೆ ಬಂತು, ಅಲಗು ಅಲ್ಲೇ ಉಳಿಯಿತು. ನಾಗರಾಜ ಮಾಸ್ತರು ತೋಳೇರಿಸಿ, ಟ್ರೇಯನ್ನು ಮಗುಚಿ ಹಿಡಿದು, ಕಲ್ಲಿಗೆ ನಾಲ್ಕು ಸಲ ಕುಟ್ಟಿದರು. ಕಲ್ಲಿನ ಒಂದು ಚಕ್ಕೆ ಎದ್ದಿತು!

"ಇದಕ್ಕೆ ಟಾಮಿನೇ ಬೇಕು" ಎಂದು ಇಸ್ಮಾಯಿಲ್ ಭಾಯ್ ಹೋಗಿ ಟಯರು ಬಿಚ್ಚುವ ಕಬ್ಬಿಣದ ಸಲಾಕೆ ತಂದರು. ತೊಳೆದು, ಒರೆಸಿ, ಒಂದು ಮೂಲೆಗೆ ಕೊಟ್ಟು ಮೀಟಿದರು. ಫಟ್ ಎಂಬ ಸದ್ದು ಎದುರಿನ ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಒಂದು ದೊಡ್ಡ ತುಂಡು ಹಾರಿ ಕಣಿವೆಗೆ ಬಿತ್ತು. ಉಳಿದದ್ದು ಎರಡು ಬೆರಳಗಲದ ಚೂರುಗಳಾಯಿತು. ಮರದಿಂದ ಇಳಿದು ಬಂದ ಮಂಗವೊಂದು ಒಂದು ಚೂರು ಎತ್ತಿಕೊಂಡಿತು, ಕಚ್ಚಿತು, ನನ್ನನ್ನು ಒಮ್ಮೆ ನೋಡಿತು. ಆಮೇಲೆ ಅದನ್ನು ಇದ್ದಲ್ಲೇ ಇಟ್ಟು ಹೋಯಿತು.

ಮನುಷ್ಯರು ಅಷ್ಟು ಪ್ರಾಮಾಣಿಕರಲ್ಲ. "ಪರಿಮಳ ಚೆನ್ನಾಗಿದೆ" ಎಂದರು ಒಬ್ಬರು. "ಮನೆಗೆ ಒಯ್ದು ತಿನ್ನುತ್ತೇನೆ" ಎಂದು ಇನ್ನೊಬ್ಬರು ಜೇಬಿಗೆ ಹಾಕಿಕೊಂಡರು. ನನ್ನ ಮುಖ ನೋಡಲಾರದೆ ಕಮಲಾ ಮೇಡಂ ಮಾತ್ರ, "ತರ್ರಿ ಇಲ್ಲೆ, ಹೆಗಡೇರು ನನ್ನ ಸಲುವಾಗಿ ಮಾಡ್ಯಾರ" ಎಂದು ಒಂದು ದಪ್ಪ ಚೂರನ್ನು ಹಾಲಲ್ಲಿ ಅದ್ದಿ ಇಡಿಯಾಗಿ ಬಾಯಿಗೆ ಹಾಕಿಕೊಂಡರು.

ಹಸಿವನ್ನು ಮರೆಸಲು ನಾಗರಾಜ ಮಾಸ್ತರು ಅವಸರದಲ್ಲಿ ಸಮಾರಂಭ ಶುರುಮಾಡಿದರು. ಶಾಲು ಹೊದಿಸಿದ್ದಾಯಿತು. ಹಾರ ಹಾಕಿದ್ದಾಯಿತು. "ಈಗ ಅಕ್ಕೋರು ನಮಗೆ ನಾಲ್ಕು ಮಾತು ಹೇಳಬೇಕು" ಎಂದರು.

ಕಮಲಾ ಮೇಡಂ ಎದ್ದು ನಿಂತರು. ಬಾಯಿ ತೆರೆಯಲು ನೋಡಿದರು. ಬಾಯಿ ತೆರೆಯಲಿಲ್ಲ.

ಬಿಸಿ ಹಾಲಿಗೆ ಮೆತ್ತಗಾದ ಜೋನಿ ಬೆಲ್ಲ ಮೇಲಿನ ಹಲ್ಲುಗಳನ್ನೂ ಕೆಳಗಿನ ಹಲ್ಲುಗಳನ್ನೂ ಒಂದಾಗಿಸಿ ಮತ್ತೆ ಗಟ್ಟಿಯಾಗಿತ್ತು. ಅವರು ಇನ್ನೊಮ್ಮೆ ಪ್ರಯತ್ನಿಸಿದರು. ಕಣ್ಣಲ್ಲಿ ನೀರು ಬಂತು. ಎದೆಯ ಮೇಲೆ ಕೈಯಿಟ್ಟುಕೊಂಡರು.

"ಮಾತೇ ಹೊರಡುತ್ತಿಲ್ಲ ನೋಡಿ" ಎಂದು ಸುಲಭಾ ಅಕ್ಕೋರು ಬಿಕ್ಕಿದರು. ಅವರನ್ನು ನೋಡಿ ಹಿಂದಿ ಶಿಕ್ಷಕರು ಅತ್ತರು. ಎಂಥ ಬಿಸಿಲಿಗೂ ಜಗ್ಗದ ನಾಗರಾಜ ಮಾಸ್ತರು ಸೀಟಿ ಹಿಡಿದುಕೊಂಡೇ ಗಳಗಳನೆ ಅತ್ತರು. ಮೇಡಂ ಗಾಬರಿಯಿಂದ ಫ್ಲಾಸ್ಕಿನ ಕಡೆ ಕೈ ತೋರಿಸಿದರು. ಫ್ಲಾಸ್ಕಿನ ಆಚೆ ಜಲಪಾತವಿತ್ತು.

"ಈ ಹೊಳೆಯ ಹಾಗೆ ನಿಲ್ಲದೆ ಹರಿಯಿರಿ ಅಂತಿದ್ದಾರೆ!" ಎಂದರು ಸುಲಭಾ ಅಕ್ಕೋರು. ಎಲ್ಲರೂ ಅಳುತ್ತಲೇ ಚಪ್ಪಾಳೆ ತಟ್ಟಿದರು.

ನಿಜ ಗೊತ್ತಿದ್ದವನು ನಾನೊಬ್ಬನೇ. ಅವರ ಎಡಗೆನ್ನೆ ಉಬ್ಬಿದ್ದು ನನಗೆ ಕಾಣುತ್ತಿತ್ತು. ಸತ್ಯವನ್ನು ಹೇಳುವುದು ವಿಜ್ಞಾನದ ಮೊದಲ ಧರ್ಮ. ನಾನು ಎಲ್ಲರಿಗಿಂತ ಜೋರಾಗಿ ಅತ್ತೆ!

ಕೊನೆಗೆ ಇಸ್ಮಾಯಿಲ್ ಭಾಯ್ ಟೆಂಪೋದಿಂದ ತಮ್ಮ ಬಿಸಿನೀರಿನ ಬಾಟಲಿ ತಂದು ಮೇಡಂ ಕೈಗಿಟ್ಟರು. ಅವರು ಗುಟುಕು ಗುಟುಕಾಗಿ ಬಾಯಲ್ಲಿ ಹಿಡಿದು ಹಿಡಿದು ನುಂಗಿದರು. ದವಡೆ ಲಟಕ್ಕೆಂದು ಬಿಡಿಸಿಕೊಂಡಿತು.

"ಅಳಬ್ಯಾಡ್ರಿ ಯಾರೂ" ಎಂದರು ಮೇಡಂ ಉಸಿರು ಬಿಟ್ಟು. "ನನಗ ದುಃಖ ಆಗಿಲ್ಲ. ಬಾಯಿ ತೆಗೀಲಿಕ್ಕೆ ಬರಲಿಲ್ಲ, ಅಷ್ಟ."

ಒದ್ದೆ ಕಣ್ಣುಗಳೆಲ್ಲ ಏಕಕಾಲಕ್ಕೆ ನನ್ನ ಕಡೆ ತಿರುಗಿದವು. ಮೊದಲು ನಕ್ಕವರು ಮೇಡಂ. ಅವರು ನಕ್ಕಿದ್ದರಿಂದ ನಾನು ಬದುಕಿದೆ, ಇಲ್ಲವಾದರೆ ಕಣಿವೆ ಹತ್ತಿರದಲ್ಲೇ ಇತ್ತು.

ಟೆಂಪೋ ನೇರವಾಗಿ ಯಲ್ಲಾಪುರಕ್ಕೆ ಬಂತು. ಅಲ್ಲಿಯ ಒಂದು ಖಾನಾವಳಿಯಲ್ಲಿ ನಮ್ಮವರು ಉಂಡ ರೀತಿ ನೋಡಿ ಬಡಿಸುವವರು ಹೆದರಿ ಒಳಗೆ ಇನ್ನೊಂದು ಪಾತ್ರೆ ಅನ್ನಕ್ಕಿಟ್ಟರು. ಎರಡನೇ ಸಲ ಸಾರು ಬರುವ ನಡುವೆ ಕಮಲಾ ಮೇಡಂ ಎಲೆಯ ಮುಂದೆ ಕೂತೇ ಮಾತಾಡಿದರು. ಒಬ್ಬೊಬ್ಬರ ಹೆಸರು ಹಿಡಿದು ಒಂದೊಂದು ಒಳ್ಳೆಯ ಮಾತು ಹೇಳಿದರು. ನನ್ನ ಸರದಿ ಬಂದಾಗ, "ಹೆಗಡೇರಿಗೆ ಏನೂ ಬರಂಗಿಲ್ಲ ಅಂತಲ್ಲ. ಭಾಳ ಪ್ರೀತಿಯಿಂದ ಮಾಡ್ತಾರ, ಅದಕ್ಕ ಕೆಡತೈತಿ" ಎಂದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಇದು ಹೊಗಳಿಕೆಯೋ ಅಲ್ಲವೋ ಎಂದು ನಾನಿನ್ನೂ ಯೋಚಿಸುತ್ತಿದ್ದೇನೆ.

ಮುಂದಿನ ತಿಂಗಳು ಹೊಸ ಹೆಡ್ ಮಾಸ್ತರು ಬಂದರು. ಅವರ ಸ್ವಾಗತಕ್ಕೆ ಸಭೆ ಸೇರಿತು. ನಾಗರಾಜ ಮಾಸ್ತರು ಯಾರು ಯಾರಿಗೆ ಯಾವ ಕೆಲಸ ಎಂದು ಪಟ್ಟಿ ಓದುತ್ತ ಹೋದರು. ತಿಂಡಿ ಒಬ್ಬರಿಗೆ, ಹಾರ ತುರಾಯಿ ಒಬ್ಬರಿಗೆ, ನಿರೂಪಣೆ ಒಬ್ಬರಿಗೆ. ನನ್ನ ಹೆಸರು ಕೊನೆಗೆ ಬಂತು.

"ಹೆಗಡೆ ಮಾಸ್ತರು, ಕುಡಿಯುವ ನೀರು."

ಇನ್ನೂ ನನ್ನ ಮೇಲೆ ಅಷ್ಟಾದರೂ ನಂಬಿಕೆ ಉಳಿದಿದೆಯಲ್ಲ ಎಂದು ನನಗೆ ಸಮಾಧಾನವಾಯಿತು. ಸಹಿ ಹಾಕಲು ಪೆನ್ನು ತೆಗೆದೆ. ನಾಗರಾಜ ಮಾಸ್ತರು ಹಾಳೆ ಮಗುಚಿ ಮುಂದೆ ಓದಿದರು:

"ನೀರಿನ ಮೇಲ್ವಿಚಾರಣೆ, ಸುಲಭಾ ಅಕ್ಕೋರು."