ನಾಚಿಕೆ ಬಿಟ್ಟ ಮಾವ

ಮಧುಗಿರಿ, 1938ನೇ ಇಸವಿ ಏಪ್ರಿಲ್ 11. ಪತ್ರಿಕೆಗೆ ಬರೆಯಲು ಕೂತದ್ದು ಬೆಳಗ್ಗೆ ಏಳೂಕಾಲು ಗಂಟೆಗೆ.

ನನ್ನ ಸೋದರಮಾವನಷ್ಟು ನಾಚಿಕೆಗೆಟ್ಟ ಮನುಷ್ಯ ಈ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದು ನನ್ನ ಮಾತಲ್ಲ, ಅಮ್ಮನ ಮಾತು. ಅವಳು ಅವರ ಒಡಹುಟ್ಟಿದ ಅಕ್ಕ, ಆದ್ದರಿಂದ ನಂಬಬಹುದು. ದಾರಿಯಲ್ಲಿ ಸಿಕ್ಕಿದವರನ್ನು ಎಲ್ಲರೂ "ಊಟ ಆಯ್ತಾ?" ಎಂದು ಕೇಳಿದರೆ, ಮಾವ "ಬೆಳಗಿನ ನೀರು ತಂದಿದೀರಾ?" ಎನ್ನುತ್ತಾರೆ. ನೀರು ಎಂದರೆ ಮೂತ್ರ. ಸಂತೆಯಲ್ಲಾದರೂ ಸರಿ, ಮದುವೆ ಪಂಕ್ತಿಯಲ್ಲಾದರೂ ಸರಿ.

ಮಾವ ಇಲ್ಲಿನ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅವರ ಕೆಲಸ ಔಷಧಿ ಕಲಸಿಕೊಡುವುದು. ಆದರೆ ಹಿಂದೆ ಬೆಂಗಳೂರಿಗೆ ತರಬೇತಿಗೆ ಹೋದಾಗ ಒಂದು ಪರೀಕ್ಷೆ ಕಲಿತು ಬಂದರು. ಗಾಜಿನ ನಳಿಕೆಗೆ ನೀಲಿ ದ್ರಾವಣ ಹಾಕಿ, ಎಂಟು ತೊಟ್ಟು ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು. ಹೆಂಚಿನ ಕೆಂಪಾದರೆ ಮಧುಮೇಹ ಬಲಿತಿದೆ ಎಂದರ್ಥ. ಅಂದಿನಿಂದ ಮಾವನಿಗೆ ಲೋಕದಲ್ಲಿ ಇರುವುದು ಈ ನಾಲ್ಕೇ ಬಣ್ಣ. ನನಗೆ ಸೀರೆ ತರಲು ಹೋದಾಗ ಅಮ್ಮ ಆರಿಸಿದ ಗಿಣಿಹಸಿರನ್ನು ನೋಡಿ, "ಇದು ಬೇಡಕ್ಕ, ಹಳದಿ ಕಡೆಗೆ ತಿರುಗ್ತಾ ಇದೆ. ಪಥ್ಯ ಹೇಳಬೇಕಾಗುತ್ತೆ" ಎಂದರು. ಅಂಗಡಿಯವನು ಸೀರೆ ಮಡಿಸಿಟ್ಟ.

ಜನ ಮೂತ್ರವನ್ನು ಯಾವ್ಯಾವುದರಲ್ಲಿ ತರುತ್ತಾರೆ ಎಂಬುದನ್ನು ನಾನು ಡೈರಿಯಲ್ಲಿ ಗುರುತು ಹಾಕುತ್ತೇನೆ. ಜನವರಿಯಲ್ಲಿ ಬಂದದ್ದು ಇಪ್ಪತ್ತಮೂರು. ಹರಳೆಣ್ಣೆ ಸೀಸೆ ಒಂಬತ್ತು, ಔಷಧಿ ಸೀಸೆ ಎಂಟು, ಹಿತ್ತಾಳೆ ಗಿಂಡಿ ನಾಲ್ಕು, ಅತ್ತರಿನ ಬುಡ್ಡಿ ಒಂದು, ತೆಂಗಿನ ಚಿಪ್ಪು ಒಂದು. ಚಿಪ್ಪು ಪಾವಗಡದಿಂದ ಬಸ್ಸಿನಲ್ಲಿ ಬಂತು. ಬರುವಷ್ಟರಲ್ಲಿ ಅರ್ಧ ಚೆಲ್ಲಿತ್ತು. ಯಾರ ಮೇಲೆ ಎಂದು ಮಾವ ಕೇಳಲಿಲ್ಲ. ಅತ್ತರಿನ ಬುಡ್ಡಿ ತಂದವರು ಸಿರಾದ ಅತ್ತರು ಸಾಬರು. ಮಾವ ಪುಸ್ತಕದಲ್ಲಿ ಬರೆದುಕೊಂಡರು: "ಬಣ್ಣ ನೀಲಿ. ವಾಸನೆ ಮಲ್ಲಿಗೆ."

ಇಷ್ಟರವರೆಗೆ ನಗಬಹುದು. ಫೆಬ್ರವರಿ 20ರಂದು ಸಿರಾದಿಂದ ನನ್ನನ್ನು ನೋಡಲು ಬಂದರು. ಹುಡುಗ, ಅವನ ತಂದೆ, ಒಬ್ಬರು ಹಿರಿಯರು. ಜಾತಕ ಕೂಡಿಬಂತು. ಕಜ್ಜಾಯದ ತಟ್ಟೆ ಇಟ್ಟದ್ದೂ ಆಯಿತು. ಆಗ ಮಾವ ಗಂಟಲು ಸರಿಮಾಡಿಕೊಂಡರು.

"ಜಾತಕ ಸರಿಯಾಯ್ತು. ಹುಡುಗನ ಬೆಳಗಿನ ನೀರು ಒಂದು ಸೀಸೆ ಕಳಿಸಿಕೊಟ್ರೆ, ಮಿಕ್ಕದ್ದು ನಾನು ನೋಡ್ತೀನಿ."

ಹುಡುಗನ ತಂದೆ ಕಜ್ಜಾಯ ಕೆಳಗಿಟ್ಟರು. "ಏನ್ರೀ ಕಾಂಪೌಂಡರೇ, ನಾವು ಹೆಣ್ಣು ಕೇಳಾಕೆ ಬಂದಿರೋದಾ, ಔಷಧಿ ಕೇಳಾಕಾ?"

"ಮುಂದೆ ಔಷಧಿ ಕೇಳೋ ಹಂಗಾಗಬಾರ್ದು ಅಂತಲೇ ಸ್ವಾಮಿ."

"ನಮ್ಮ ವಂಶದಾಗೆ ಯಾರೂ ಯಾರಿಗೂ ಇದನ್ನ ಕೊಟ್ಟಿಲ್ಲ."

"ನಿಮ್ಮಿಂದಲೇ ಶುರುವಾಗ್ಲಿ."

ತಾಂಬೂಲ ಮುಟ್ಟದೆ ಎದ್ದು ಹೋದರು. ಅರ್ಧ ತಿಂದ ಕಜ್ಜಾಯ ಮೂರು ಉಳಿದವು. ಅಮ್ಮ ಕಂಬಕ್ಕೆ ಒರಗಿ, "ತಂದೆ ಇಲ್ಲದ ಮಗೂಗೆ ಬಂದ ಸಂಬಂಧ ಕಣೋ. ಸೀಸೆ ಕೇಳಿ ಕಳಿಸಿಬುಟ್ಟೆಯಲ್ಲೋ. ನಾಚಿಕೆ ಅನ್ನೋದು ನಿನ್ನ ಹತ್ರ ಸುಳಿಯಕ್ಕಿಲ್ವಾ?" ಎಂದಳು. ನನ್ನ ಡೈರಿಯ ಆ ದಿನದ ಪುಟದಲ್ಲಿ ಇರುವುದು ಎರಡೇ ಪದ: ಹುಡುಗ ಒಪ್ಪಿಗೆ.

ಮಾರ್ಚ್ 1, ಬೆಳಗ್ಗೆ ಒಂಬತ್ತೂವರೆ. ಹುಡುಗ ಒಬ್ಬನೇ ಬಂದ, ಟವಲಿನಲ್ಲಿ ಸೀಸೆ ಸುತ್ತಿಕೊಂಡು. "ಅಪ್ಪಾಜಿಗೆ ಹೇಳಿಲ್ಲ. ಕೇಳಿದ್ರಲ್ಲ, ತಂದಿದೀನಿ" ಎಂದ.

ಮಾವ ಮನೆಯ ಜಗಲಿಯಲ್ಲೇ ದೀಪ ಹಚ್ಚಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಹೆಂಚಿನ ಕೆಂಪಿಗೆ ಬಂದು ನಿಂತಿತು. ಎಂಥ ದೊಡ್ಡವರಿಗೂ ಕಣ್ಣು ಮಿಟುಕಿಸದೆ ಕಾಯಿಲೆ ಹೇಳುವ ಮಾವ ಬೆಂಚಿನ ಮೇಲೆ ಕುಸಿದರು. ನಮ್ಮ ಮನೆಯಲ್ಲಿ ಬಣ್ಣದ ಅರ್ಥ ಎಲ್ಲರಿಗೂ ಗೊತ್ತು. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಕೆಂಪು ಅಂದ್ರೆ ಒಳ್ಳೇದಾ?" ಎಂದ ಹುಡುಗ.

ನಾನು ಬಾಗಿಲ ಹಿಂದಿನಿಂದ ಸೀಸೆಯನ್ನೇ ನೋಡುತ್ತಿದ್ದೆ. ಅದರ ಬಿರಡೆಯ ಸುತ್ತ ಹೊರಗಡೆ ಅಂಟು ಒಣಗಿತ್ತು. ಅದಕ್ಕೆ ಹನ್ನೊಂದು ಇರುವೆ ಮುತ್ತಿದ್ದವು. "ಆ ಸೀಸೆಯಲ್ಲಿ ಮುಂಚೆ ಏನಿತ್ತು?" ಎಂದು ಕೇಳಿಬಿಟ್ಟೆ. ಮದುವೆಯಾಗುವ ಹುಡುಗನೊಡನೆ ಹೆಣ್ಣು ಆಡಿದ ಮೊದಲ ಮಾತು ಇಂಥದ್ದು ಬೇರೆಲ್ಲಾದರೂ ಉಂಟೆ?

"ಜೇನುತುಪ್ಪ. ಬುಕ್ಕಾಪಟ್ಟಣದ್ದು. ಅಜ್ಜಿ ತೊಳೆದಿಟ್ಟಿದ್ರು."

ಮಾವ ಎದ್ದು ನಾಲ್ಕು ಲೋಟ ಮಜ್ಜಿಗೆ ಕುಡಿಸಿದರು. ತಾವೇ ತೊಳೆದ ಪಾತ್ರೆ ಕೊಟ್ಟು ಹಿತ್ತಲಿಗೆ ಕಳಿಸಿದರು. ಮೂರು ಸಲ ಪರೀಕ್ಷೆ ಮಾಡಿದರು. ಮೂರು ಸಲವೂ ನೀಲಿ. ಕೊನೆಗೆ ಬೀಗರೂ ಒಪ್ಪಿದರು. ಮದುವೆ ಮುಂದಿನ ತಿಂಗಳು.

ಗಂಡನ ಮನೆಗೆ ಹೋಗುವ ಮುಂಚೆ ಮಾವನಿಗೆ ಏನಾದರೂ ಕೊಡಬೇಕೆನಿಸಿತು. ಪರೀಕ್ಷೆಯ ಬಣ್ಣ ಬರೆದಿಡುವ ಅವರ ಪುಸ್ತಕದ ಹೊಲಿಗೆ ಬಿಚ್ಚಿಹೋಗಿದೆ. ಅದನ್ನು ಹೊಸ ಪುಸ್ತಕಕ್ಕೆ ನಕಲು ಮಾಡಿದೆ; ನಿನ್ನೆ ಮುಗಿಯಿತು. ಒಟ್ಟು ಸಾಲು 1,418. ನೀಲಿ 1,141, ಹಸಿರು 138, ಹಳದಿ 82, ಕೆಂಪು 56. ಕೂಡಿದರೆ 1,417. ಎರಡು ಸಲ ಕೂಡಿದೆ. ಒಂದು ಕಡಿಮೆ. ಕೊನೆಗೆ ಸಿಕ್ಕಿದ್ದು ಮೊದಲನೆಯ ಪುಟದ ಮೊದಲನೆಯ ಸಾಲಿನಲ್ಲಿ: "ಭಾವ. ವಯಸ್ಸು 31." ಬಣ್ಣದ ಕಾಲಂ ಖಾಲಿ.

ಮಾವನ ಭಾವ ಎಂದರೆ ನನ್ನ ತಂದೆ. ನಾನು ಎರಡು ವರ್ಷದವಳಿದ್ದಾಗ ತೀರಿಕೊಂಡರು. ಅಮ್ಮನನ್ನು ಕೇಳಿದೆ. ಅವಳು ಹುಣಸೆಹಣ್ಣು ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಆ ದೀಪಾವಳಿಗೆ ಇವನು ಬೆಂಗಳೂರಿಂದ ಬಂದಿದ್ದ. ನೀಲಿ ಸೀಸೆ ಪೆಟ್ಟಿಗೇಲೇ ಇತ್ತಂತೆ. ನಿಮ್ಮಪ್ಪ ಕೊಡಗಟ್ಟಲೆ ನೀರು ಕುಡಿಯೋರು, ಕಡ್ಡಿ ಹಂಗೆ ಆಗಿದ್ರು. ಇವನಿಗೆ ಅನುಮಾನ ಬಂತು. ಭಾವನ್ನ ಹೆಂಗೆ ಕೇಳೋದು ಅಂತ ನಾಚ್ಕೊಂಡು ಸುಮ್ಮನೆ ಹೊಂಟೋದ. ಸಂಕ್ರಾಂತಿ ಹೊತ್ಗೆ ಅವರಿಲ್ಲ. ಆ ಜೇನಿನ ಸೀಸೆ ದಿನ ಹೇಳ್ದ ಕಣೆ ನಂಗೆ. ಹದಿನಾರು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದ."

ಆಗ ಗೊತ್ತಾಗಿದ್ದರೂ ಈ ಸೀಮೆಯಲ್ಲಿ ಅದಕ್ಕೆ ಸೂಜಿಮದ್ದು ಇರಲಿಲ್ಲ. ಮಾವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಹೊಸ ಪುಸ್ತಕದಲ್ಲೂ ಆ ಬಣ್ಣದ ಕಾಲಂ ಖಾಲಿ ಬಿಟ್ಟಿದ್ದೇನೆ. ನೋಡದ ಬಣ್ಣವನ್ನು ಬರೆಯುವವರಲ್ಲ ಮಾವ. ಪಕ್ಕದಲ್ಲಿ ಷರಾ ಎಂಬ ಕಾಲಂ ಇದೆ, ಅಲ್ಲಿ ತಿಳಿದ ವಿವರ ಬರೆಯಬಹುದು. ನಮ್ಮ ತಂದೆ ಕೊರಟಗೆರೆ ಶಾಲೆಯಲ್ಲಿ ಲೆಕ್ಕದ ಮೇಷ್ಟರಾಗಿದ್ದರು. ಅವರ ಹತ್ತಿರ ಕಲಿತವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೊನೆಯ ದಿನಗಳಲ್ಲಿ ಅವರು ಪಾಠದ ನಡುವೆ ಎಷ್ಟು ಸಲ ನೀರಿಗೆ ಎದ್ದರು, ಎಷ್ಟು ಸಲ ಹೊರಗೆ ಹೋದರು, ನೆನಪಿದ್ದಷ್ಟು ಈ ಪತ್ರಿಕೆಗೆ ಬರೆಯಿರಿ. ಮಾವ ಯಾರನ್ನೂ ಕೇಳಿಲ್ಲ, ಇದೊಂದನ್ನು ಕೇಳಲು ಅವರಿಗೆ ಇನ್ನೂ ನಾಚಿಕೆ. ನಾನು ಕೇಳುತ್ತಿದ್ದೇನೆ.