ಹೇಳಿಕೆಗೆ ಹೊರಟ ಕೃತಕ ಬುದ್ಧಿ

ಸರಳವಾದದ್ದನ್ನು ಸರಳವಾಗಿಯೇ ಇರಲು ಬಿಡುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಒಂದು ಟಾರ್ಚ್ ಬೇಕೆಂದು ಪುತ್ತೂರಿಗೆ ಹೋದವನು ರೇಡಿಯೋ, ಸೈರನ್, ಸೊಳ್ಳೆ ಹೊಡೆಯುವ ಬ್ಯಾಟು ಎಲ್ಲ ಒಂದಕ್ಕೇ ಅಂಟಿಕೊಂಡ ಟಾರ್ಚ್ ತರುತ್ತೇನೆ. ಆಮೇಲೆ ಅದರಲ್ಲಿ ಮೊದಲು ಹಾಳಾಗುವುದು ಟಾರ್ಚು. ಸೈರನ್ ಮಾತ್ರ ಇವತ್ತಿಗೂ ಗಟ್ಟಿಯಾಗಿದೆ. ಕತ್ತಲಲ್ಲಿ ಎಡವಿ ಬಿದ್ದರೆ ನೆರೆಕರೆಗೆ ಸುದ್ದಿ ಮುಟ್ಟಿಸಲು ಅನುಕೂಲ. ನನ್ನ ಹೆಂಡತಿ ಕುಸುಮ ಇಂಥವನ್ನೆಲ್ಲ ಇಡುವುದಕ್ಕೆಂದೇ ಅಟ್ಟದಲ್ಲಿ ಒಂದು ಮೂಲೆ ಬಿಟ್ಟುಕೊಟ್ಟಿದ್ದಾಳೆ. ಬಂದ ನೆಂಟರಿಗೆ ಅದನ್ನು "ಇವರ ಆಸ್ತಿ" ಎಂದು ತೋರಿಸುತ್ತಾಳೆ.

ಕುಂಬ್ರ ಪೇಟೆಯಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಸುತ್ತಲಿನ ಮದುವೆ ಕಾಗದಗಳೆಲ್ಲ ನನ್ನ ಕಂಪ್ಯೂಟರಿನಲ್ಲೇ ಹುಟ್ಟುವುದು. ಕಂಪ್ಯೂಟರಿನ ಮುಂದೆ ಇಷ್ಟು ವರ್ಷ ಕುಳಿತವನಿಗೆ ಎಐ ಎಂಬುದು ಬಂದಾಗ ತಾನು ಅದರ ಚಿಕ್ಕಪ್ಪ ಎಂಬ ಭಾವನೆ ಬರುವುದು ಸಹಜ. ಹೀಗಾಗಿ ನಮ್ಮ ಮಗಳು ದಿವ್ಯಳ ಮದುವೆ ನಿಶ್ಚಯವಾದ ಕೂಡಲೇ ನಾನು ಘೋಷಿಸಿಬಿಟ್ಟೆ: "ಈ ಸಲ ಹೇಳಿಕೆಯ ತಲೆಬಿಸಿ ಯಾರಿಗೂ ಬೇಡ. ಎಲ್ಲ ಎಐ ನೋಡಿಕೊಳ್ಳುತ್ತದೆ."

ಹೇಳಿಕೆ ಅಂದರೆ ಏನೆಂದು ಘಟ್ಟದ ಮೇಲಿನವರಿಗೆ ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಮದುವೆ ಕಾಗದ ಬರೀ ನೆಪ. ಅದನ್ನು ಹಿಡಿದು ಗಂಡ ಹೆಂಡತಿ ಮನೆಮನೆಗೆ ಹೋಗಬೇಕು, ಅವರು ಕೊಟ್ಟ ಬೆಲ್ಲ ನೀರು ಕುಡಿಯಬೇಕು, ದನ ಕರು ಹಾಕಿತಾ ಎಂಬಲ್ಲಿಂದ ಹಿಡಿದು ಮಂಡಿಚಿಪ್ಪಿನ ನೋವಿನವರೆಗೆ ಎಲ್ಲ ವಿಚಾರಿಸಬೇಕು, ಕೊನೆಗೆ ಎದ್ದು ನಿಂತು "ಎಲ್ಲರೂ ಮುಂಚಿನ ದಿನವೇ ಬರಬೇಕು" ಎಂದು ಬಾಯಿಬಿಟ್ಟು ಹೇಳಬೇಕು. ಆಗ ಮಾತ್ರ ಅದು ಹೇಳಿಕೆ. ನಮ್ಮ ಪರಿಚಯದವರೊಬ್ಬರು ಬುದ್ಧಿವಂತಿಕೆ ಮಾಡಿ ಎಲ್ಲರಿಗೂ ವಾಟ್ಸಾಪಿನಲ್ಲಿ ಕಾಗದ ಕಳಿಸಿದರು. ಅವರ ದೊಡ್ಡಪ್ಪ "ಆಯ್ತು ಮಾರಾಯ, ನಾನೂ ವಾಟ್ಸಾಪಿನಲ್ಲೇ ಬರ್ತೇನೆ" ಎಂದು ಉತ್ತರ ಕೊಟ್ಟರಂತೆ. ಮದುವೆಯ ದಿನ ಅವರಿಂದ ನಿಜವಾಗಿಯೂ ಒಂದು ಹೂಗುಚ್ಛದ ಚಿತ್ರ ಮಾತ್ರ ಬಂತು.

ನಾನು ಅಂಗಡಿಯ ಕಂಪ್ಯೂಟರಿನಲ್ಲಿ ಒಂದಲ್ಲ, ಮೂರು ಎಐಗಳನ್ನು ಕೆಲಸಕ್ಕೆ ಹಚ್ಚಿದೆ. ಒಂದು ಹೇಳಿಕೆಯ ದಾರಿ ಹಾಕುವುದು, ಇನ್ನೊಂದು ಅದರಲ್ಲಿ ತಪ್ಪು ಹುಡುಕುವುದು, ಮೂರನೆಯದು ಇವೆರಡರ ಕೆಲಸ ಪರಿಶೀಲಿಸಿ ವರದಿ ಕೊಡುವುದು. ನಮ್ಮ ಊರಿನ ಸಮಿತಿಗಳೂ ಹೀಗೇ ನಡೆಯುವುದರಿಂದ ನನಗೆ ವ್ಯವಸ್ಥೆ ಬಹಳ ಹಿಡಿಸಿತು. ನೆಂಟರ ಮನೆಗಳು, ರಸ್ತೆಗಳ ಸ್ಥಿತಿ, ಯಾರು ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತಾರೆ, ಯಾರ ಮನೆಯ ನಾಯಿ ಕಚ್ಚುತ್ತದೆ, ಎಲ್ಲವನ್ನೂ ತುಂಬಿಸಿದೆ. ಮೊದಲನೆಯದು ಪುತ್ತೂರು, ಸುಳ್ಯ, ಕಡಬ ಮೂರೂ ಕಡೆಗೆ ಬಣ್ಣಬಣ್ಣದ ನಕ್ಷೆ ತೆಗೆದುಕೊಟ್ಟಿತು. ಯಾವ ಮನೆಯಲ್ಲಿ ಎಷ್ಟು ನಿಮಿಷ ಕೂರಬೇಕೆಂದೂ ಹೇಳಿತು. ಅದನ್ನು ಲ್ಯಾಮಿನೇಟ್ ಮಾಡಿ ಕಾರಿನ ಮುಂದೆ ನೇತುಹಾಕಿದೆ.

ಕುಸುಮನಿಗೂ ಒಂದು ಎಐ ಇತ್ತು, ಅವಳ ಫೋನಿನಲ್ಲಿ. ಮಧ್ಯಾಹ್ನ ಕೆಲಸವೆಲ್ಲ ಮುಗಿದ ಮೇಲೆ ಅದನ್ನು ಮಸಾಲೆ ಕಡೆಯುವ ಕಲ್ಲಿನ ಮೇಲೆ ಒರಗಿಸಿಟ್ಟು ಅರ್ಧ ನಮ್ಮ ಮನೆಮಾತು ಅರೆಭಾಷೆ, ಅರ್ಧ ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಿದ್ದಳು. ಕೋಳಿ ಯಾಕೆ ಮೊಟ್ಟೆ ಇಡುವುದಿಲ್ಲ, ಮಾವಿನ ಮಿಡಿ ಯಾಕೆ ಮೆತ್ತಗಾಯಿತು, ಇಂಥದ್ದೇ. ಅದು ಒಂದೆರಡು ಮಾತು ಹೇಳುತ್ತಿತ್ತು, ಗೊತ್ತಿಲ್ಲದಿದ್ದರೆ ತಿರುಗಿ ಇವಳನ್ನೇ ಕೇಳುತ್ತಿತ್ತು. ನನಗೆ ಆ ಎಐಯನ್ನು ಕಂಡರೆ ಕನಿಕರ. ಇಷ್ಟು ದೊಡ್ಡ ವಿದ್ಯೆ ಕಲಿತು ಉಪ್ಪಿನಕಾಯಿಯ ಭರಣಿಯಲ್ಲಿ ಬಿದ್ದಿತಲ್ಲ ಎಂದು.

ಕಡಬದ ಕಡೆಗೆ ಹೊರಟ ದಿನ ಕಾರು ಹತ್ತುವಾಗ ಕುಸುಮ, "ಮೊದಲು ಕೋಡಿಂಬಾಳಕ್ಕೆ ಹೋಗುವ. ಅಣ್ಣನಿಗೆ ಹೇಳಿ ಆಗದೆ ಬೇರೆಯವರಿಗೆ ಹೇಳ್ಲಿಕ್ಕಿಲ್ಲ" ಎಂದಳು. ಅವಳ ಅಣ್ಣನ ಮನೆ ಕೋಡಿಂಬಾಳದಲ್ಲಿ, ತಮ್ಮನ ಮನೆ ಕಡಬ ಪೇಟೆಯ ಹತ್ತಿರ. ನಾವು ಹೋಗುವ ದಾರಿಯಲ್ಲಿ ತಮ್ಮನ ಗೇಟು ಮೊದಲು ಸಿಗುತ್ತದೆ.

"ಗೇಟಿನ ಮುಂದೆಯೇ ದಾಟಿ ಹೋಗಿ ಮತ್ತೆ ಅಲ್ಲಿಗೇ ವಾಪಸು ಬರುವುದಾ? ಯಾವ ಶಾಸ್ತ್ರದಲ್ಲಿದೆ ಅದು?" ಎಂದೆ.

"ನಿಮ್ಮ ಮೂರು ಜನಕ್ಕೆ ಅಣ್ಣ ಯಾರು, ತಮ್ಮ ಯಾರು ಅಂತ ಗೊತ್ತುಂಟಾ?"

"ಮೂರೂ ಪರಿಶೀಲಿಸಿ ಆಗಿದೆ. ಮೂರನೆಯದು ಅತ್ಯುತ್ತಮ ಯೋಜನೆ ಎಂದು ವರದಿಯನ್ನೂ ಕೊಟ್ಟಿದೆ."

ಕುಸುಮ ಸುಮ್ಮನಾದಳು. ನಮ್ಮ ಮನೆಯಲ್ಲಿ ಅವಳ ಮೌನಕ್ಕೆ ಬೇರೆ ಬೇರೆ ಅರ್ಥಗಳಿವೆ. ಒಪ್ಪಿಗೆ ಅವುಗಳಲ್ಲಿ ಸೇರಿಲ್ಲ. ಆದರೂ ಅವತ್ತು ನಾನು ಹಾಗೆಂದೇ ತಿಳಿದು ಗಾಡಿ ಬಿಟ್ಟೆ.

ತಮ್ಮನ ಮನೆಯಲ್ಲಿ ಬೆಲ್ಲ ನೀರು, ಚಹಾ, ಪುನರ್ಪುಳಿ ಶರಬತ್ತು ಎಲ್ಲ ಆಯಿತು. ನಕ್ಷೆಯಲ್ಲಿ ಕೊಟ್ಟ ನಿಮಿಷಗಳು ಶರಬತ್ತಿನ ಹೊತ್ತಿಗೇ ಮುಗಿದಿದ್ದವು. ನಾವು ಗೇಟು ದಾಟುತ್ತಿದ್ದಂತೆ ತಮ್ಮನ ಹೆಂಡತಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೋಡಿಂಬಾಳಕ್ಕೆ ಫೋನು ಮಾಡಿ "ಅವರು ಇಲ್ಲಿಂದ ಈಗ ಹೊರಟರು" ಎಂದು ಹೇಳಿಬಿಟ್ಟಿದ್ದಳು.

ಕೋಡಿಂಬಾಳದ ಭಾವ ಜಗಲಿಯಲ್ಲಿ ಕುಳಿತಿದ್ದರು. ಬೆಲ್ಲ ನೀರು ಬಂತು. ಬಾಗಿಲಿಗೆ ಬಂದ ಶತ್ರುವಿಗೂ ಅದು ತಪ್ಪುವುದಿಲ್ಲ. ಆದರೆ ಭಾವ ಮಂಡಿಚಿಪ್ಪಿನ ವಿಷಯ ಎತ್ತಲಿಲ್ಲ, ದನದ ವಿಷಯ ಎತ್ತಲಿಲ್ಲ. "ತಮ್ಮನಲ್ಲಿ ಹೇಳಿಕೆ ಆಯ್ತಂತೆ. ಒಳ್ಳೇದಾಯ್ತು" ಎಂದರು. ನಾನು ಎರಡೂ ಕೈಯಲ್ಲಿ ಕಾಗದ ಚಾಚಿದೆ. "ಅಲ್ಲಿಡಿ ಭಾವ" ಎಂದರು. ಕುಸುಮ ಎದ್ದು ನಿಂತು, "ಅಣ್ಣ, ಮುಂಚಿನ ದಿನವೇ ಬರಬೇಕು" ಎಂದಳು.

"ನೋಡುವ" ಎಂದರು ಭಾವ.

ನಮ್ಮಲ್ಲಿ 'ನೋಡುವ' ಅಂದರೆ ಮುಗಿಯಿತು. ಬರುವುದಿಲ್ಲ ಎಂದವರನ್ನು ಜಗಳವಾಡಿಯಾದರೂ ಕರೆತರಬಹುದು, 'ನೋಡುವ' ಎಂದವರನ್ನು ಯಾವ ದೇವರಿಂದಲೂ ಆಗದು. ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವ, ಅದರಲ್ಲೂ ಹಿರಿಯ ಸೋದರಮಾವ. ಅವರು ಬಾರದಿದ್ದರೆ ಕಿರಿಯವನು ಆ ಕೆಲಸಕ್ಕೆ ಮುಂದೆ ಬರುವವನಲ್ಲ. ಮನೆಗೆ ಬಂದು ವಿಷಯ ಹೇಳಿದಾಗ ದಿವ್ಯ ಅಳಲಿಲ್ಲ, ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ಸಣ್ಣದಿರುವಾಗ ಶಾಲೆಗೆ ಸೇರಿಸ್ಲಿಕ್ಕೆ ನನ್ನ ಕೈಹಿಡಿದು ಕರ್ಕೊಂಡು ಹೋದದ್ದು ಮಾವ. ಈಗ ನಾನು ನಿಮ್ಮ ಕಂಪ್ಯೂಟರಿನ ಕೈ ಹಿಡಿದು ಮಂಟಪಕ್ಕೆ ಹೋಗುದಾ ಅಪ್ಪ?" ಎಂದು ಕೇಳಿ ಒಳಗೆ ಹೋದಳು. ನನಗೆ ಅವತ್ತು ಊಟ ಸೇರಲಿಲ್ಲ.

ಆದರೂ ಬುದ್ಧಿ ಬರಲಿಲ್ಲ. ಮರುದಿನ ಅಂಗಡಿಗೆ ಹೋಗಿ ಮೂವರನ್ನೂ ಎಬ್ಬಿಸಿ ಪರಿಹಾರ ಕೇಳಿದೆ. ಪ್ರಿಂಟರಿನ ಟ್ರೇ ತುಂಬುವಷ್ಟು ಉತ್ತರ ಬಂತು. ಎರಡೂ ಕುಟುಂಬಗಳ ಸಮಾಲೋಚನಾ ಸಭೆ ಕರೆಯಬೇಕಂತೆ. ಒಣಹಣ್ಣುಗಳ ಬುಟ್ಟಿ ಕಳಿಸಬೇಕಂತೆ. ಜೊತೆಗೆ ಒಂದು ಕ್ಷಮಾಪಣೆಯ ಒಕ್ಕಣೆ: "ತಮ್ಮ ಭಾವನಾತ್ಮಕ ಅನುಭವವನ್ನು ನಾವು ಸಂಪೂರ್ಣವಾಗಿ ಮಾನ್ಯ ಮಾಡುತ್ತೇವೆ." ಇದನ್ನು ಕೋಡಿಂಬಾಳದ ಜಗಲಿಯಲ್ಲಿ ಓದಿದರೆ ಭಾವ ನಮ್ಮ ಮನೆಯ ಮದುವೆಗೆ ಮಾತ್ರವಲ್ಲ, ಸತ್ತ ಮೇಲಿನ ಬೊಜ್ಜಕ್ಕೂ ಬರುವುದಿಲ್ಲ ಎಂದು ನನಗೇ ಗೊತ್ತಾಯಿತು. ತಪ್ಪು ಹುಡುಕಬೇಕಾದ ಎರಡನೆಯದು ಮಾತ್ರ ಮೊದಲನೆಯದನ್ನು ಬಾಯಿತುಂಬ ಹೊಗಳಿತ್ತು.

ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದೆ. ಹಿಂಬದಿಯ ಚಾವಡಿಯಲ್ಲಿ ಕುಸುಮ ಹಲಸಿನ ಸೊಳೆ ಬಿಡಿಸುತ್ತಿದ್ದಳು. ಫೋನು ಎಂದಿನಂತೆ ಕಲ್ಲಿಗೆ ಒರಗಿತ್ತು. ಅವಳು ಅದಕ್ಕೆ ಎಲ್ಲವನ್ನೂ ಹೇಳುತ್ತಿದ್ದಳು. ಪರಿಹಾರ ಏನೆಂದು ಕೇಳುತ್ತಿರಲಿಲ್ಲ, ಬರೇ ಹೇಳುತ್ತಿದ್ದಳು. ಅದು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ಅಣ್ಣನಿಗೆ ಬೇಜಾರಾಗಿದೆ. ನಿಮಗೂ ಬೇಜಾರಾಗಿದೆ ಅಲ್ಲವೇ?" ಎಂದಿತು.

"ಆಗದೆ ಮತ್ತೆ?" ಎಂದಳು ಕುಸುಮ, ಕೈಯ ಮೇಣವನ್ನು ಎಣ್ಣೆಯಲ್ಲಿ ಒರೆಸುತ್ತ.

"ನಿಮ್ಮ ಊರಿನ ಕ್ರಮ ನನಗೆ ಸರಿಯಾಗಿ ಗೊತ್ತಿಲ್ಲ. ಮೊದಲು ಯಾವಾಗಲಾದರೂ ಹೀಗೆ ಹೇಳಿಕೆ ತಪ್ಪಿದಾಗ ನಿಮ್ಮ ಮನೆಯಲ್ಲಿ ಹಿರಿಯರು ಏನು ಮಾಡಿದ್ದರು?"

ಕುಸುಮನ ಕೈ ನಿಂತಿತು. ನಾನು ಬಾಗಿಲ ಸಂದಿಯಲ್ಲೇ ನಿಂತು ಕಿವಿಗೊಟ್ಟೆ. "ಅಜ್ಜಿ," ಎಂದಳು ಅವಳು ಮೆಲ್ಲಗೆ. "ಅತ್ತೆಯ ಮದುವೆಯಲ್ಲಿ ಹೀಗೇ ಆಗಿತ್ತು. ಅಜ್ಜಿ ಕಿರಿಯವರ ಮನೆಯಿಂದ ಹೇಳಿಕೆಯನ್ನು ವಾಪಸು ತರಿಸಿದ್ದರು. ಮತ್ತೆ ಹಿರಿಯವರಿಗೆ ಹೇಳಿ, ಅವರನ್ನೇ ಕರ್ಕೊಂಡು ಹೋಗಿ ಅವರ ಬಾಯಲ್ಲೇ ಕಿರಿಯವರಿಗೆ ಹೇಳಿಸಿದ್ದರು."

"ಹಾಗಾದರೆ ನಿಮಗೆ ಗೊತ್ತಿದೆಯಲ್ಲ," ಎಂದಿತು ಫೋನು. "ನಿಮ್ಮ ಯಜಮಾನರಿಗೂ ಬೇಜಾರಾಗಿರಬಹುದು. ಅವರನ್ನೂ ಒಮ್ಮೆ ವಿಚಾರಿಸಿ."

ನನ್ನನ್ನು ವಿಚಾರಿಸಿದ್ದು ಆ ಮದುವೆ ಗಡಿಬಿಡಿಯಲ್ಲಿ ಅದೊಂದೇ. ಅಟ್ಟದ ಮೂಲೆಯಲ್ಲಿ ಇನ್ನೂ ಮೂರಕ್ಕೆ ಜಾಗವಿದೆಯೇ ಎಂದು ಆಗಲೇ ಯೋಚಿಸಿದೆ.

ಕುಸುಮ ತಮ್ಮನಿಗೆ ಫೋನು ಮಾಡಿ, ಕೊಟ್ಟ ಹೇಳಿಕೆಯನ್ನು ವಾಪಸು ಕೇಳಿದಳು. ಅವನು ನಕ್ಕು, "ಕಾಗದ ಬೇಕಾದರೆ ನಾನೇ ತಂದು ಕೊಡ್ತೇನೆ ಅಕ್ಕ" ಎಂದು ಅವತ್ತೇ ಕುಂಬ್ರಕ್ಕೆ ಬಂದು ಕೊಟ್ಟುಹೋದ. ಮರುದಿನ ಬೆಳಿಗ್ಗೆ ನಾವು ಅವನ ಗೇಟಿನ ಮುಂದೆ ತಲೆ ಆಚೆ ತಿರುಗಿಸಿಕೊಂಡು ದಾಟಿದೆವು. ಅವನ ಹೆಂಡತಿಯೂ ಅಂಗಳದಲ್ಲಿ ನಮ್ಮನ್ನು ಕಾಣದವಳಂತೆ ಬಟ್ಟೆ ಹರವುತ್ತಿದ್ದಳು. ಕೋಡಿಂಬಾಳದ ಜಗಲಿ ಹತ್ತಿದ ಕೂಡಲೇ ಕುಸುಮ ಹೇಳಿದಳು: "ಅಣ್ಣ, ಹೇಳಿಕೆ ಇವತ್ತು ಸುರು. ಮೊನ್ನೆಯದ್ದು ಹೇಳಿಕೆ ಅಲ್ಲ. ಇವರು ದಾರಿ ನೋಡ್ಲಿಕ್ಕೆ ಬಂದದ್ದು."

ಭಾವ ನನ್ನ ಮುಖ ನೋಡಿದರು. "ದಾರಿ ಸಿಕ್ಕಿತಾ ಭಾವ?"

"ಈಗ ಸಿಕ್ಕಿತು ಭಾವ," ಎಂದೆ. ನನ್ನ ಜೀವನದಲ್ಲಿ ಇಷ್ಟು ಚಿಕ್ಕ ಉತ್ತರ ನಾನು ಕೊಟ್ಟದ್ದಿಲ್ಲ.

"ಕಡಬದಲ್ಲಿ ತಮ್ಮನಿಗೆ ಇನ್ನೂ ಹೇಳ್ಲಿಲ್ಲ. ನೀವು ಬಂದು ಹೇಳಬೇಕು. ನಾವು ಹೇಳಿದರೆ ಎಂತ ಚಂದ?" ಎಂದಳು ಕುಸುಮ.

ಭಾವ ಒಳಗೆ ಹೋಗಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದರು. ನೇರ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು, ನೇತಾಡುತ್ತಿದ್ದ ನನ್ನ ನಕ್ಷೆಯನ್ನು ಬಿಚ್ಚಿ, ಸೆಕೆಗೆ ಬೀಸಿಕೊಳ್ಳತೊಡಗಿದರು. ಅದು ಆ ನಕ್ಷೆಯಿಂದ ಆದ ಮೊದಲ ಉಪಕಾರ. ಕಡಬದ ಗೇಟಿನಲ್ಲಿ ತಮ್ಮ, ನಮ್ಮನ್ನು ವರ್ಷಗಟ್ಟಲೆ ಕಾಣದವನಂತೆ, "ಓ, ಬನ್ನಿ ಬನ್ನಿ, ಎಂತ ಅಪರೂಪ ಮಾರಾಯ್ರೆ" ಎಂದು ಓಡಿಬಂದ. ಅವನ ನಟನೆ ಸ್ವಲ್ಪ ಜಾಸ್ತಿಯೇ ಆಯಿತು. ಮತ್ತೆ ಬೆಲ್ಲ ನೀರು, ಮತ್ತೆ ಚಹಾ, ಮತ್ತೆ ಪುನರ್ಪುಳಿ. ಭಾವ ಎದ್ದು ನಿಂತು ಎರಡೂ ಕೈಯಲ್ಲಿ ಕಾಗದ ಕೊಟ್ಟು, "ನಮ್ಮ ದಿವ್ಯನ ಮದುವೆ. ಮುಂಚಿನ ದಿನವೇ ಬರಬೇಕು. ನಾನು ಅಲ್ಲೇ ಇರ್ತೇನೆ" ಎಂದರು. ಕುಸುಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಶರಬತ್ತು ನೆತ್ತಿಗೆ ಹತ್ತಿದವನಂತೆ ಕೆಮ್ಮಿದೆ.

ಮದುವೆಯ ದಿನ ದಿವ್ಯಳ ಕೈಹಿಡಿದು ಭಾವ ಮಂಟಪಕ್ಕೆ ಬಂದದ್ದನ್ನು ನೀವು ನೋಡಬೇಕಿತ್ತು. ಮದುಮಗನಿಗಿಂತ ಅವರ ಗತ್ತೇ ಹೆಚ್ಚು. ಹೇಳಿಕೆಯಾದ ಮನೆಗಳಲ್ಲಿ ಬಾರದೆ ಉಳಿದವರೇ ಇಲ್ಲ. ಎರಡನೇ ಪಂಕ್ತಿಗೆ ಬಾಳೆಲೆ ಸಾಲದೆ ಓಡಾಡುವಂತಾಯಿತು. ನನಗೆ ಆನೆ ಹತ್ತಿದಷ್ಟು ಖುಷಿ. ಊಟದ ಸಾಲಿನಲ್ಲಿ ಸಿಕ್ಕಸಿಕ್ಕವರನ್ನು ಹಿಡಿದು ನನ್ನ ಹೊಸ ಸಿದ್ಧಾಂತ ಹೇಳಿದೆ: ಎಐ ಅಂದರೆ ಬೇಲಿಯಾಚೆಯ ನೆರೆಮನೆಯವರ ಹಾಗೆ ಇರಬೇಕು, ಕಡಿಮೆ ಮಾತಾಡಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು, ನಮ್ಮ ಬುದ್ಧಿಯನ್ನು ನಮಗೇ ನೆನಪು ಮಾಡಿಕೊಡಬೇಕು. ಪಾಯಸ ತಣ್ಣಗಾಗುವವರೆಗೂ ಹೇಳಿದೆ. ಕೆಲವರು ಎಲೆ ಮಡಚಿ ಎದ್ದರು. ಕೈತೊಳೆಯುವಲ್ಲಿಗೂ ಹೋಗಿ ಉಳಿದದ್ದನ್ನು ಹೇಳಿದೆ.

ಗಡಿಬಿಡಿಯೆಲ್ಲ ಮುಗಿದ ಮೇಲೆ ಅಂಗಡಿಯ ಮೂರರಲ್ಲಿ ಎರಡನ್ನು ಕೆಲಸದಿಂದ ಬಿಡಿಸಿದೆ. ಉಳಿದ ಒಂದಕ್ಕೆ, ಸರಳವಾಗಿರುವುದು ಹೇಗೆ ಎಂಬ ಬಗ್ಗೆ ಉಪಶೀರ್ಷಿಕೆ, ಅಡಿಟಿಪ್ಪಣಿ ಸಮೇತ ಒಂದು ದೀರ್ಘ ಸೂಚನೆ ಬರೆದುಕೊಟ್ಟೆ. ಅದೇನೋ ಇನ್ನೂ ಹಿಡಿತಕ್ಕೆ ಬರಲಿಲ್ಲ. ಕೊನೆಗೆ ಗೆದ್ದವನ ಉದಾರತೆಯಿಂದ ಕುಸುಮನನ್ನೇ ಕೇಳಿದೆ, "ನಿನ್ನ ಫೋನಿಗೆ ನೀನು ಎಂತ ತರಬೇತಿ ಕೊಟ್ಟದ್ದು?"

"ತರಬೇತಿ ಎಂತದ್ದೂ ಇಲ್ಲ. ಉದ್ದ ಮಾತಾಡಬೇಡ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ನಾನು ಹೇಳುವಾಗ ನಡುವಲ್ಲಿ ಬಾಯಿ ಹಾಕಬೇಡ ಅಂತ ಹೇಳಿದೆ. ಅಷ್ಟೆ."

"ಅಷ್ಟೇಯಾ?"

"ಅಷ್ಟೇ. ಮದುವೆಯಾದ ಹೊಸತರಲ್ಲಿ ಇದನ್ನೇ ನಿಮಗೂ ಹೇಳಿದ್ದೆ," ಎಂದಳು ಕುಸುಮ, ಹಪ್ಪಳ ಬಿಸಿಲಿಗೆ ಹಾಕುತ್ತ. "ಅದು ಒಂದೇ ಸಲಕ್ಕೆ ಕಲಿತಿತು."

ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿತ್ತು, ಸಾಕಷ್ಟು ಉದ್ದದ್ದು. ಕಲ್ಲಿಗೆ ಒರಗಿದ್ದ ಫೋನಿನ ಕಡೆ ನೋಡಿದೆ. ಅದು ಸುಮ್ಮನಿತ್ತು. ಅದನ್ನು ನೋಡಿ ನಾನೂ ಸುಮ್ಮನಾದೆ.