ಶನಿಯನ್ನು ಬದಿಯಿಂದ ನೋಡುವ ದುರ್ಬೀನು

1993ರಲ್ಲಿ, ಏಳನೆಯ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಬಿಡಿಸಿದರು ಎಂದು ನಮ್ಮೂರಿನಲ್ಲಿ ಕೆಲವರು ಹೇಳುತ್ತಾರೆ. ಅವರು ಆಗ ಅಲ್ಲಿರಲಿಲ್ಲ. ವಿಜ್ಞಾನದ ಪುಸ್ತಕದಲ್ಲಿ ನಾವು ಬೇರು, ಕಾಂಡ, ಎಲೆಯವರೆಗೆ ಬಂದಿದ್ದೆವು. ಸೂರ್ಯ ಮತ್ತು ಗ್ರಹಗಳ ಪಾಠ ಇನ್ನೂ ಮುಂದಿತ್ತು. ಇದರ ಪರಿಣಾಮವೇನೆಂದರೆ, ಗಿಡಗಳ ವಿಷಯದಲ್ಲಿ ನಾನು ಓದಿದವನು, ಗ್ರಹಗಳ ವಿಷಯದಲ್ಲಿ ಸ್ವತಂತ್ರ. ಶಾಲೆಯನ್ನು ಪೂರ್ತಿ ಮಾಡಿದವರಿಗೆ ಶನಿ ಎಂದರೆ ಪರೀಕ್ಷೆಯಲ್ಲಿ ಬರೆದು ಮರೆತ ಉತ್ತರ. ನನಗೆ ಮಾತ್ರ ಆತ ಶನಿವಾರದ ದೇವರಾಗಿಯೇ ಉಳಿದುಕೊಂಡ. ಗೋವಾದಂಥ ಊರಿಗೆ ದುಡಿಯಲು ಬಂದು, ನಲವತ್ತು ದಾಟಿದ ಮೇಲೆ, ಆತನನ್ನು ನೋಡಲು ದುರ್ಬೀನು ಹುಡುಕುತ್ತೇನೆಂದು ಯಾರಾದರೂ ಆಗ ಹೇಳಿದ್ದರೆ ನಾನು ಅವರಿಗೆ ಎಲೆಯ ಭಾಗಗಳನ್ನು ಹೆಸರಿಸಿ ತೋರಿಸಿ ಕಳಿಸುತ್ತಿದ್ದೆ.

ನನ್ನ ಕೆಲಸ ಸೆಂಟ್ರಿಂಗ್. ಸ್ಲ್ಯಾಬ್ ಹಾಕುವಾಗ ಹಸಿ ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಕೆಳಗಿನಿಂದ ಹೊತ್ತು ನಿಲ್ಲುವ ಹಲಗೆ, ಕಂಬಗಳನ್ನು ಕಟ್ಟುವವನು ನಾನು. ಕಲಂಗುಟ್‌ನಲ್ಲಿ ನೀವು ಯಾವುದಾದರೂ ಹೋಟೆಲಿನ ಮೂರನೆಯ ಮಹಡಿಯಲ್ಲಿ ನಿಂತು ಸಮುದ್ರ ನೋಡಿದ್ದರೆ, ಒಂದು ಕಾಲದಲ್ಲಿ ಆ ಮಹಡಿ ನನ್ನ ಕಂಬಗಳ ಮೇಲೆ ನಿಂತಿದ್ದಿರಬಹುದು. ಈ ಕೆಲಸ ಒಂದೇ ಒಂದು ಮಾತನ್ನು ಕಲಿಸುತ್ತದೆ: ಭಾರವಿದ್ದದ್ದು ಗಟ್ಟಿ, ಹಗುರವಿದ್ದದ್ದು ಮೋಸ. ಕುರ್ಚಿ ಕೊಳ್ಳುವಾಗಲೂ ನಾನು ಎತ್ತಿ ನೋಡುತ್ತೇನೆ. ಸುಲಭವಾಗಿ ಎದ್ದರೆ ವಾಪಸ್ ಇಟ್ಟು ಬರುತ್ತೇನೆ.

ಮೂರು ವರ್ಷದ ಹಿಂದೆ ಕಲಂಗುಟ್‌ನಲ್ಲಿ ಕೈತಾನ್ ಬಾಬ್ ಅವರ ಮನೆಯ ಮಾಳಿಗೆ ಕಟ್ಟಿದೆವು. ಅವರು ಹಡಗಿನಲ್ಲಿ ದುಡಿದು ನಿವೃತ್ತರಾದ ಮುದುಕರು. ಹಲಗೆ ಬಿಚ್ಚಿದ ದಿನ ಸಂಜೆ, ಹೊಸ ಮಾಳಿಗೆಯ ಮೇಲೆ ಮೂರು ಕಾಲಿನ ಒಂದು ಉದ್ದ ಕೊಳವೆ ನಿಲ್ಲಿಸಿ ನನ್ನನ್ನು ಕರೆದರು. "ಪಳೆ, ಮೇಸ್ತ್ರಿ, ಪಳೆ!" ನೋಡು ಎಂದರೆ ನೋಡಬೇಕಲ್ಲ, ನಾನು ಸ್ಲ್ಯಾಬಿನಲ್ಲಿ ಬಿರುಕು ಬಿಟ್ಟಿರಬೇಕೆಂದು ಕೆಳಗೆ ನೋಡಿದೆ. ಅವರು ನನ್ನ ತಲೆ ಹಿಡಿದು ಕೊಳವೆಗೆ ಹಚ್ಚಿದರು. ಅಲ್ಲಿ, ಕತ್ತಲಲ್ಲಿ, ಸಣ್ಣದೊಂದು ಮಣಿ, ಅದರ ಸುತ್ತ ಅಚ್ಚುಕಟ್ಟಾದ ಒಂದು ಬಳೆ. ಎಲ್ಲಿಯೂ ತಾಗಿಲ್ಲ. ಕೆಳಗೊಂದು ಕಂಬ ಇಲ್ಲ, ಆಸರೆ ಇಲ್ಲ. ಇಷ್ಟು ವರ್ಷ ಸೆಂಟ್ರಿಂಗ್ ಮಾಡಿದವನಿಗೆ ಇದು ಸ್ವಲ್ಪ ಅವಮಾನವೇ. "ಸಟರ್ನ್," ಎಂದರು ಕೈತಾನ್ ಬಾಬ್, "ತುಮ್ಹಾರಾ ಶನಿ." ಮನೆಗೆ ಬಂದು ಸಂತೋಷದಿಂದ ಹೆಂಡತಿ ನೀಲವ್ವನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕದೆ ನಿಂತುಬಿಟ್ಟಳು.

"ನೆಟ್ಟಗ ನೋಡಿದ್ರ್ಯಾ?"

"ನೆಟ್ಟಗ ನೋಡದ ಮತ್ತ ಹ್ಯಾಂಗ ನೋಡೂದು?"

"ಗುಡಿಯಾಗ ಸೈತ ಅವನ ಎದುರಿಗೆ ಯಾರೂ ನಿಂದರೂದಿಲ್ರಿ. ಬಾಜೂಕ ನಿಂತು, ವಾರಿ ಕಣ್ಣಿಲೆ ನೋಡಿ ಕೈ ಮುಗೀತಾರ. ನೀವು ನೋಡಿದ್ರ ಕೊಳವಿ ಹಚ್ಚಿ ನೋಡಿ ಬಂದೀರಿ! ನೀವು ಅವನ್ನ ನೋಡಿದ್ರ ಅವನು ನಿಮ್ಮನ್ನ ನೋಡೂದಿಲ್ಲೇನು?"

ನಾನು ನಕ್ಕೆ. ಹೋದ ವರ್ಷ ಮಳೆಗಾಲದಲ್ಲಿ ಹಲಗೆಯ ಮೇಲಿನಿಂದ ಬಿದ್ದು ಎಡಭುಜ ಮುರಿದುಕೊಂಡೆ, ಆಸ್ಪತ್ರೆಯಲ್ಲಿ ಒಳಗೆ ರಾಡ್ ಹಾಕಿದರು. ಬಿದ್ದವನು ನಾನು, ಹಲಗೆ ಬಿದ್ದಿಲ್ಲ. ಇದನ್ನು ಎಲ್ಲರೂ ಗಮನಿಸಬೇಕು. ಆದರೆ ನೀಲವ್ವನ ಲೆಕ್ಕದಲ್ಲಿ ಬೀಳಿಸಿದವನು ಯಾರೆಂದು ಆಗಲೇ ತೀರ್ಮಾನವಾಗಿತ್ತು. ಊರಿನ ಅಯ್ಯನವರಿಗೆ ಫೋನು ಹೋಯಿತು. ಸಾಡೇಸಾತಿ ಶುರುವಾಗಿದೆ ಎಂದು ಅವರೂ ಹೇಳಿದರು. ಅಂದಿನಿಂದ ಅವಳಿಗೆ ಶನಿವಾರ ಉಪವಾಸ, ಎಳ್ಳೆಣ್ಣೆಯ ದೀಪ. ಅಷ್ಟಾಗಿದ್ದರೆ ನಡೆಯುತ್ತಿತ್ತು. ನಾನು ಎಲ್ಲಿಗಾದರೂ ಹೊರಟರೆ ಬಾಗಿಲಲ್ಲಿ ನಿಲ್ಲುತ್ತಿದ್ದಳು, ತಿರುಗಿ ಬರುವಾಗಲೂ ಅಲ್ಲೇ ನಿಂತಿರುತ್ತಿದ್ದಳು. ರಾತ್ರಿ ನಾನು ಮಗ್ಗಲು ಬದಲಿಸಿದರೆ ಎದ್ದು ಕೂತು ನೋಡುತ್ತಿದ್ದಳು. ನಾವಿರುವ ಉಸಗಾಂವದಲ್ಲಿ ಅದಿರು ಲಾರಿಗಳ ಸದ್ದಿಗೆ ಕೂಡ ಏಳದವಳು ಅವಳು. ಕೆಲವೇ ತಿಂಗಳಲ್ಲಿ ಅರ್ಧ ಆಳಾದಳು. ಆ ಮಣಿಯನ್ನು ಒಂದು ಸಲ ಅವಳ ಕಣ್ಣಿಗೆ ತೋರಿಸಿದರೆ ಈ ಹೆದರಿಕೆ ಹೋದೀತು ಎಂದು ನನಗೆ ಅನ್ನಿಸತೊಡಗಿದ್ದು ಆಗ. ಅನ್ನಿಸಲು ಪುರುಸೊತ್ತೂ ಇತ್ತು. ಕೈ ಕಟ್ಟಿ ಕೂರಿಸಿದ್ದರು. ಡಾಕ್ಟರು ಇನ್ನು ಭಾರ ಎತ್ತಬೇಡ ಎಂದಿದ್ದರು. ಸೆಂಟ್ರಿಂಗ್ ಮೇಸ್ತ್ರಿಗೆ ಹೀಗೆ ಹೇಳುವುದೂ ಮೀನಿಗೆ ಒದ್ದೆಯಾಗಬೇಡ ಎನ್ನುವುದೂ ಒಂದೇ.

ಮೊಬೈಲಿನಲ್ಲಿ ದುರ್ಬೀನಿನ ವಿಡಿಯೋ ನೋಡಲು ಕೂತೆ. ಹಿಂದಿಯಲ್ಲಿ ಹೇಳುವವರು ಬಹಳ ಮಂದಿ ಇದ್ದಾರೆ, ಎಲ್ಲರೂ ತುಂಬಾ ವಿಶ್ವಾಸದವರು. ಒಬ್ಬ ಹೇಳಿದ, ದುರ್ಬೀನು ದೊಡ್ಡದಿರಬೇಕು, ಬಾಯಿ ಅಗಲವಿದ್ದಷ್ಟೂ ಬೆಳಕು ಹೆಚ್ಚು ಹಿಡಿಯುತ್ತದೆ. ಇನ್ನೊಬ್ಬ ಹೇಳಿದ, ಹಗುರವಿರಬೇಕು, ಇಲ್ಲದಿದ್ದರೆ ಎರಡು ದಿನ ಎತ್ತಿ ಮೂರನೆಯ ದಿನ ಮಂಚದ ಕೆಳಗೆ ಹಾಕುತ್ತೀರಿ. ಮತ್ತೊಬ್ಬ, ಊರಿನ ದೀಪಗಳಿಂದ ದೂರ ಒಯ್ಯಲು ಬರಬೇಕು ಎಂದ. ದೊಡ್ಡದು, ಹಗುರದ್ದು, ಒಯ್ಯಲು ಬರುವಂಥದ್ದು. ನನ್ನ ತಂಗಿಗೆ ವರ ಹುಡುಕುವಾಗಲೂ ನಮ್ಮ ಮನೆಯಲ್ಲಿ ಹೀಗೇ ಮೂರು ಗುಣ ಹಿಡಿದು ಹೊರಟಿದ್ದರು: ದುಡಿಯುವವನಿರಬೇಕು, ಕುಡಿಯದವನಿರಬೇಕು, ಹತ್ತಿರದ ಊರಿನವನಿರಬೇಕು. ಕೊನೆಗೆ ಸಿಕ್ಕವನು ಹತ್ತಿರದ ಊರಿನವನಾಗಿದ್ದ.

ನೀಲವ್ವನಿಗೆ ವಿಷಯ ತಿಳಿದದ್ದು ವಿಡಿಯೋದ ದನಿಯಿಂದ. "ದುರ್ಬೀನು ಮನಿಗೆ ಬಂತಂದ್ರ ನಾ ತವರಿಗೆ ಹೊಕ್ಕೀನ್ರಿ," ಎಂದಳು. "ಯಾವಾಗ ಬರ್ತಿ?" ಎಂದೆ. "ಸಾಡೇಸಾತಿ ಮುಗದ ಮ್ಯಾಲ." ಅಂದರೆ ಏಳೂವರೆ ವರ್ಷ. ಅವಳು ತಮಾಷೆಗೆ ಹೇಳುವವಳಲ್ಲ. ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದು ಒರೆಸಿ ಇಟ್ಟದ್ದನ್ನು ನಾನು ಕಣ್ಣಾರೆ ಕಂಡೆ.

ಅಲ್ಲಿಂದ ಮುಂದೆ ನನ್ನ ಆಯ್ಕೆಗೆ ನಾಲ್ಕನೆಯ ಗುಣ ಸೇರಿತು: ಹೆಂಡತಿ ಮನೆಯಲ್ಲಿ ಉಳಿಯುವಂಥದ್ದು. ಇದರ ಬಗ್ಗೆ ವಿಡಿಯೋದವರು ಯಾರೂ ಏನೂ ಹೇಳಿರಲಿಲ್ಲ. ದಿನಗಟ್ಟಲೆ ನೋಡಿದ ಮೇಲೆ ಒಂದು ಬಗೆ ಕಣ್ಣಿಗೆ ಬಿತ್ತು. ಅದರಲ್ಲಿ ಗಾಜಿನ ಬದಲು ತಳದಲ್ಲಿ ಒಂದು ತಗ್ಗಾದ ಕನ್ನಡಿ. ಬೆಳಕು ಅದಕ್ಕೆ ಬಡಿದು ಮೇಲೆ ಬಂದು, ಓರೆಯಾಗಿ ಕೂರಿಸಿದ ಇನ್ನೊಂದು ಸಣ್ಣ ಕನ್ನಡಿಗೆ ತಾಗಿ, ಪಕ್ಕದ ತೂತಿನಿಂದ ಹೊರಗೆ ಬರುತ್ತದೆ. ಕಣ್ಣಿಡಬೇಕಾದದ್ದು ಆ ಪಕ್ಕದ ತೂತಿಗೆ. ಆಕಾಶಕ್ಕೆ ಮುಖ ಮಾಡುವ ಪ್ರಶ್ನೆಯೇ ಇಲ್ಲ. ನಾನು ಫೋನನ್ನು ನೀಲವ್ವನ ಮುಂದೆ ಹಿಡಿದೆ.

"ನೋಡು, ಇದ್ರಾಗ ಬಾಜೂಕ ನಿಂತು ನೋಡೂದು. ಅದೂ ಕನ್ನಡ್ಯಾಗ. ಗುಡಿಯಾಗ ಮಾಡಿದಂಗ."

ಅವಳು ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಹಿಟ್ಟಿನ ಕೈಯಿಂದಲೇ ದೊಡ್ಡದು ಮಾಡಿ ನೋಡಿದಳು. "ಎರಡ ಕನ್ನಡಿ ಅದಾವೇನ್ರಿ?" "ಎರಡ ಅದಾವ." "ಹಂಗಾದ್ರ ಅವನಿಗೆ ನಾವು ಕಾಣೂದಿಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಇನ್ನೊಂದು ಕರಾರು ಹಾಕಿದಳು. "ಆದ್ರ ನಮ್ಮ ಮನಿ ಮ್ಯಾಲ ನಿಂತು ನೋಡಬ್ಯಾಡ್ರಿ. ವಿಳಾಸ ತೋರಿಸಿದಂಗ ಆಕ್ಕೈತಿ. ಊರ ಹೊರಗ ಒಯ್ದು ನೋಡೂಣು." ಹೀಗೆ, ವಿಡಿಯೋದವರು ಯಾವ ಕಾರಣಕ್ಕೋ ಹೇಳಿದ ಸಾಗಣೆಯ ಗುಣ, ಬೇರೊಂದು ಕಾರಣಕ್ಕೆ ನಮ್ಮ ಮನೆಯಲ್ಲಿ ಮಂಜೂರಾಯಿತು.

ಪುಣೆಯಿಂದ ಎಂಟು ಇಂಚಿನ ಕನ್ನಡಿ, ಸಣ್ಣ ಕನ್ನಡಿ, ಕಣ್ಣಿಡುವ ಗಾಜುಗಳು ಪಾರ್ಸಲ್ಲಿನಲ್ಲಿ ಬಂದವು. ಒಡಲನ್ನು ನಾನೇ ಮಾಡುತ್ತೇನೆಂದು ಹೇಳಿದ್ದೆ. ಹೋಟೆಲು ಎತ್ತಿದವನಿಗೆ ಒಂದು ಡಬ್ಬಿ ಯಾವ ಲೆಕ್ಕ? ಸ್ಲ್ಯಾಬಿಗೆ ಹಾಕುವ ದಪ್ಪ ಪ್ಲೈವುಡ್ ತಂದೆ, ಮೂಲೆಮೂಲೆಗೆ ಕಟ್ಟಿಗೆಯ ಪಟ್ಟಿ ಕೊಟ್ಟೆ, ಎರಡಿಂಚಿನ ಮೊಳೆ ಹೊಡೆದೆ, ಮೇಲಿನಿಂದ ಕಬ್ಬಿಣದ ಬೆಲ್ಟು ಬಿಗಿದೆ. ಎಲ್ಲ ಮುಗಿದ ಮೇಲೆ ಅಳ್ಳಾಡಿಸಿ ನೋಡಿದೆ. ಅಳ್ಳಾಡಲಿಲ್ಲ. ಎತ್ತಿ ನೋಡಿದೆ. ಏಳಲಿಲ್ಲ. ಪಕ್ಕದ ಖೋಲಿಗಳಿಂದ ಜನ ಕರೆದು ನಾಲ್ಕು ಮೂಲೆ ಹಿಡಿಸಿದಾಗ ಎದ್ದಿತು, ಆದರೆ ಬಾಗಿಲು ದಾಟಲಿಲ್ಲ. ಅದೇ ಹೊತ್ತಿಗೆ ಯಮನಪ್ಪ ಬಂದ.

ಯಮನಪ್ಪ ನಮ್ಮ ತಾಲೂಕಿನವನು, ನನ್ನ ಓರಗೆಯವನು. ಕಲಂಗುಟ್ ದಂಡೆಯಲ್ಲಿ ಶ್ಯಾಕ್ ಕಟ್ಟುತ್ತಾನೆ. ಶ್ಯಾಕ್ ಎಂದರೆ ಮರಳಿನ ಮೇಲೆ ಬಿದಿರು, ಚಾಪೆ ಕಟ್ಟಿ ಮಾಡುವ ಊಟದ ಚಪ್ಪರ. ಮಳೆ ಹೋದ ಮೇಲೆ ಕಟ್ಟುವುದು, ಮಳೆ ಬರುವ ಮೊದಲು ಬಿಚ್ಚುವುದು. ಬಿಚ್ಚುವುದಕ್ಕೆಂದೇ ಕಟ್ಟುವ ಕೆಲಸವನ್ನು ಕೆಲಸ ಎಂದು ನಾನು ಎಂದೂ ಒಪ್ಪಿರಲಿಲ್ಲ. ಅವನ ಎದುರಿಗೇ ಹಲವು ಸಲ ಹೇಳಿದ್ದೆ ಕೂಡ. ಯಮನಪ್ಪ ನನ್ನ ದುರ್ಬೀನನ್ನು ಒಂದು ಸುತ್ತು ಹಾಕಿದ, ಬೆರಳಿನಿಂದ ಬಡಿದ.

"ಏನೋ ಸಂಗಣ್ಣ, ಇದರ ಮ್ಯಾಲ ಎಷ್ಟ ಮಾಳಿಗಿ ಏರಸಾಂವ?"

"ದುರ್ಬೀನು ಅದು."

"ಹೌದಾ? ನಾ ನಿನ್ನ ಸಮಾಧಿ ಅಂತ ತಿಳಕೊಂಡಿದ್ದೆ. ಭಾಳ ಗಟ್ಟಿ ಮಾಡೀ ಬಿಡು."

ನೀಲವ್ವ ಒಳಗೆ ನಕ್ಕದ್ದು ಕೇಳಿಸಿತು. ಬಿದ್ದ ದಿನದಿಂದ ಅವಳು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಹಾಗಾಗಿ ಯಮನಪ್ಪನನ್ನು ಹೊರಗೆ ಹಾಕಲಿಲ್ಲ. ಚಹಾ ಕುಡಿಸಿದೆ. ಎರಡನೆಯ ಕಪ್ಪಿಗೆ, ಗೋಡೆಯ ಕಡೆ ನೋಡುತ್ತ, ಬಿಚ್ಚಿ ಕಟ್ಟುವುದು ಹೇಗೆ ಎಂದು ಕೇಳಿದೆ. ಅವನು ಕೇಳಿಸಲಿಲ್ಲ ಎಂದ. ಇನ್ನೊಮ್ಮೆ ಕೇಳಿದೆ. "ಇನ್ನೊಂದು ಸ್ವಲ್ಪ ದೊಡ್ಡ ದನಿಲೆ ಕೇಳೋ, ಅಕ್ಕಾರಿಗೂ ಕೇಳಸಲಿ," ಎಂದ. ಮೂರನೆಯ ಸಲ ಕೇಳಿದ್ದು ನಮ್ಮ ಇಡೀ ಖೋಲಿ ಸಾಲಿಗೆ ಕೇಳಿಸಿತು.

ಎರಡನೆಯ ದುರ್ಬೀನು ಯಮನಪ್ಪನ ಶಾಸ್ತ್ರದ ಪ್ರಕಾರ ಆಯಿತು. ಕೆಳಗೆ ತೆಳು ಪ್ಲೈವುಡ್ಡಿನ ಸಣ್ಣ ಪೆಟ್ಟಿಗೆ, ಅದರಲ್ಲಿ ಕನ್ನಡಿ. ಮೇಲೆ ಒಂದು ಉಂಗುರ. ನಡುವೆ ಕೊಳವೆಯೇ ಇಲ್ಲ, ಬರೀ ಆರು ಅಲ್ಯುಮಿನಿಯಂ ಪೈಪು, ಕೈಯಿಂದ ತಿರುಗಿಸುವ ನಟ್ಟು. ಎಲ್ಲಿ ಭಾರ ಕಂಡರೂ ಯಮನಪ್ಪ, "ಇದು ಯಾಕ ಬೇಕು?" ಎನ್ನುತ್ತಿದ್ದ. ಗಟ್ಟಿಯಾಗಲಿ ಎಂದು ನಾನು ಅವನಿಗೆ ಕಾಣದಂತೆ ಒಂದು ಪಟ್ಟಿ ಬಡಿದರೆ, ನನಗೆ ಕಾಣುವಂತೆ ಕಿತ್ತು ಹಾಕುತ್ತಿದ್ದ. ಹೊರಗಿನ ಬೆಳಕು ಬೀಳದಂತೆ ಪೈಪುಗಳಿಗೆ ಕರಿ ಬಟ್ಟೆ ಸುತ್ತಬೇಕೆಂದಾಗ ನೀಲವ್ವ ತಾನಾಗಿಯೇ ಹೊಸ ಬಟ್ಟೆ ತಂದು ಹೊಲಿದು ಕೊಟ್ಟಳು. ಕರಿ ಬಟ್ಟೆ ಶನಿಗೆ ಪ್ರೀತಿಯಂತೆ. ಮುಗಿದ ಮೇಲೆ ಒಳ್ಳೆಯ ಭುಜದಿಂದ ಎತ್ತಿದೆ. ಎದ್ದುಬಿಟ್ಟಿತು. ನನಗೆ ಏನೋ ಕಳೆದುಕೊಂಡಂತಾಯಿತು. ಮೊದಲನೆಯದನ್ನು ಒಡೆಯಲು ಆಗದೆ ಅದರ ಮೇಲೆ ನೀರಿನ ಡ್ರಮ್ಮು ಇಟ್ಟಿದ್ದೇವೆ.

ದೀಪಾವಳಿಯ ನಂತರ ಒಂದು ದಿನ, ಶನಿವಾರ ಅಲ್ಲದ ದಿನ, ಸ್ಕೂಟರಿನಲ್ಲಿ ಕಾಡಿನಂಚಿನ ಮೊಲೆಂ ಕಡೆಗೆ ಹೊರಟೆವು. ಪೆಟ್ಟಿಗೆ ನನ್ನ ಕಾಲ ಬಳಿ, ಕರಿ ಬಟ್ಟೆ ಸುತ್ತಿದ ಪೈಪುಗಳು ನೀಲವ್ವನ ತೋಳಿನಲ್ಲಿ. ದಾರಿಯಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದ. "ಕಿತೆಂ ಹೆಂ?" ಇದೇನು ಎಂದು ಕೇಳುತ್ತಿದ್ದಾನೆ. ನಾನು ಹಿಂದಿಯಲ್ಲಿ ಕನ್ನಡಿ, ಬೆಳಕು ಎಂದು ಶುರು ಮಾಡುವಷ್ಟರಲ್ಲಿ ನೀಲವ್ವ ಹಿಂದಿನಿಂದ, "ಶನಿ ದೇವರ ಸಾಮಾನ್ರಿ ಸಾಹೇಬ್ರ," ಎಂದಳು. ಭಾಷೆ ತಿಳಿಯದಿದ್ದರೂ ಹೆಸರು ತಿಳಿಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ಹೋಗಿ ಎಂದು ಕೈ ಬೀಸಿದ.

ಹೆದ್ದಾರಿಯಿಂದ ಒಳಗೆ, ಕೊಯ್ದ ಗದ್ದೆಯೊಂದರಲ್ಲಿ ನಿಂತೆವು. ಆಗಷ್ಟೇ ಕತ್ತಲಾಗಿತ್ತು. ನಟ್ಟು ಬಿಗಿದು, ಹುಡುಕಿ ಹುಡುಕಿ ಶನಿಯನ್ನು ಹಿಡಿದೆ. ಹಿಡಿದೆ, ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಬಳೆ ಇರಲಿಲ್ಲ. ಮಣಿ ಇತ್ತು, ಅದರ ನಡುವೆ ಅಡ್ಡಲಾಗಿ ಕೂದಲಿನಂಥ ಒಂದು ಗೆರೆ, ಅಷ್ಟೇ. ಕೆಲವು ವರ್ಷಗಳಿಗೊಮ್ಮೆ ಆ ಬಳೆ ನಮ್ಮ ಕಡೆ ಅಂಚು ತಿರುಗಿಸಿ ಗೆರೆಯಾಗಿ ಕಾಣುತ್ತದೆಂದು ಆಮೇಲೆ ಕೈತಾನ್ ಬಾಬ್ ಫೋನಿನಲ್ಲಿ ಹೇಳಿದರು. ಆಗ ನನಗೆ ಗೊತ್ತಾದದ್ದು ಇಷ್ಟೇ: ವರ್ಷದಿಂದ ಬಳೆ, ಬಳೆ ಎಂದು ಹೇಳಿ ಹೆಂಡತಿಯನ್ನು ಕಾಡಿನ ಅಂಚಿಗೆ ಕರೆತಂದಿದ್ದೇನೆ, ಟ್ರಂಕು ಮನೆಯಲ್ಲಿ ಒರೆಸಿ ಸಿದ್ಧವಾಗಿದೆ, ಮತ್ತು ತೋರಿಸಲು ಬಳೆ ಇಲ್ಲ.

"ಸರೀರಿ," ಎಂದಳು ನೀಲವ್ವ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಚಪ್ಪಲಿ ಬಿಟ್ಟು, ಬದಿಯಲ್ಲಿ ನಿಂತು, ಕೈ ಮುಗಿದು, ಒಂದು ಕಣ್ಣು ಇಟ್ಟಳು. ಹೆದ್ದಾರಿಯಲ್ಲಿ ಎರಡು ಮೂರು ಲಾರಿ ಹಾದುಹೋದವು. ನಾನು ವಿವರಣೆ ಜೋಡಿಸಿಕೊಳ್ಳುತ್ತಿದ್ದೆ.

"ಅಯ್ಯ ಶಿವನ," ಎಂದಳು ಕೊನೆಗೆ. "ಇಷ್ಟ ಸಣ್ಣಾಂವ ಅದಾನ?"

"ದೂರ ಅದಾನ."

"ಇವಗೂ ರಾಡ್ ಹಾಕ್ಯಾರಲ್ರಿ! ನಿಮ್ಮ ಭುಜದ ಫೋಟೋದಾಗ ಇತ್ತಲ್ಲ, ಹಂಗ. ಅಡ್ಡ ಹಾಕ್ಯಾರ ನೋಡ್ರಿ."

ನಾನು ನೋಡಿದೆ. ಆಸ್ಪತ್ರೆಯವರು ಕೊಟ್ಟ ಎಕ್ಸ್-ರೇಯಲ್ಲಿ ಕರಿಯ ನಡುವೆ ಬಿಳಿಯ ಕಡ್ಡಿ ಹೇಗಿತ್ತೋ, ಹಾಗೇ ಇತ್ತು. ಗ್ರಹ, ಬಳೆ ಎಂದು ಹೇಳಲು ಬಾಯಿ ತೆರೆದೆ. ಅವಳು ಆಗಲೇ ಮತ್ತೆ ಕಣ್ಣಿಟ್ಟಿದ್ದಳು. "ಪಾಪ," ಎನ್ನುತ್ತಿದ್ದಳು, "ಒಬ್ಬನ ಅದಾನ. ಯಾರೂ ಆಜೂಬಾಜೂ ಇಲ್ಲ. ಇವನೇ ಬಿದ್ದು ಎದ್ದಾನ, ಇವ ಯಾರ್ನ ಕೆಡವ್ಯಾನ?" ಬಾಯಿ ಮುಚ್ಚಿಕೊಂಡೆ. ತಿರುಗಿ ಬರುವಾಗ ಸ್ಕೂಟರಿನ ಹಿಂದೆ ಪೈಪುಗಳನ್ನು ಅಪ್ಪಿಕೊಂಡು ನಿದ್ದೆ ಹೋದಳು. ನಾನು ಪ್ರತಿ ಹಂಪ್ಸಿಗೂ ಸ್ಕೂಟರು ನಿಲ್ಲಿಸಿ ದಾಟಿಸಿದೆ.

ಶನಿವಾರದ ಎಣ್ಣೆ ನಿಲ್ಲುತ್ತದೆಂದು ನಾನು ತಿಳಿದಿದ್ದೆ. ಹೆಚ್ಚಾಗಿದೆ. ನೋವಿದ್ದವರಿಗೆ ಎಣ್ಣೆ ಹಚ್ಚಬೇಕಂತೆ. ಉಪವಾಸ ಮಾತ್ರ ಬಿಟ್ಟಿದ್ದಾಳೆ. ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಾಳೆ, ನಾನು ಮಗ್ಗಲು ಬದಲಿಸಿದರೆ ಏಳುವುದಿಲ್ಲ. ಸುದ್ದಿ ಮಾತ್ರ ನಮ್ಮ ಸಾಲಿನ ಹೆಂಗಸರಿಗೆಲ್ಲ ಮುಟ್ಟಿದೆ. ಈಗ ಸಂಜೆಯಾದರೆ ಊರ ಹೊರಗಿನ ಬಯಲಿನಲ್ಲಿ ಅವರೆಲ್ಲ ಚಪ್ಪಲಿ ಬಿಟ್ಟು ಸಾಲಾಗಿ ನಿಲ್ಲುತ್ತಾರೆ. ರಾಡ್ ಹಾಕಿಸಿಕೊಂಡ ಶನಿಯನ್ನು ತೋರಿಸುವವಳು ನೀಲವ್ವ, ವಿವರಿಸುವವಳು ನೀಲವ್ವ. ಹೊತ್ತು ತರುವವನು ನಾನು. ಒಂದು ಸಲ ನಡುವೆ ಬಾಯಿ ಹಾಕಿ, ಅದು ಬಳೆ ಎಂದೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ನನ್ನ ಮೈಯನ್ನೆಲ್ಲ ನೋಡಿ, "ನೀ ಎಷ್ಟನೇತ್ತಾ ಓದೀಯೋ ಅಪ್ಪಾ?" ಎಂದು ಕೇಳಿದಳು.

ಈಗ ನನ್ನ ಬಳಿ ಇರುವುದು ಇಷ್ಟು: ಒಂದು ದೊಡ್ಡ, ಹಗುರ ದುರ್ಬೀನು. ಒಂದೂವರೆ ಭುಜ. ತವರಿಗೆ ಹೋಗದ ಒಬ್ಬ ಹೆಂಡತಿ. ಮತ್ತು ನೋಡಲು ಒಂದು ಸರದಿ, ಎಲ್ಲರದೂ ಮುಗಿದ ಮೇಲೆ, ಮೋಡ ಬಂದಿರದಿದ್ದರೆ.